ನಿಂಟೆಂಡೊ ಸ್ವಿಚ್ ಲೈಟ್‌ನಲ್ಲಿ ಆರ್‌ಪಿಜಿ: ವಿಜಯಪುರದಲ್ಲಿ ನಾಲ್ಕು ಬೇಸಿಗೆ ಬಳಸಿದ ಮೇಲೆ

ನಾಲ್ಕು ಬೇಸಿಗೆಯನ್ನು ವಿಜಯಪುರದಲ್ಲೇ ಕಳೆದ ಸ್ವಿಚ್ ಲೈಟ್ ಎಂಬ, ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರದ ವಿಮರ್ಶೆ ಇದು. ಅದರಲ್ಲಿ ಓಡಿದ್ದು ಬಹುಪಾಲು ಆರ್‌ಪಿಜಿಗಳೇ, ಅಂದರೆ ಕಥೆಯೊಳಗಿನ ಪಾತ್ರವಾಗಿ ಬಲ ಬೆಳೆಸಿಕೊಳ್ಳುತ್ತ ಹೋಗುವ ಆಟಗಳೇ. 2019ರ ಸೆಪ್ಟೆಂಬರ್‌ನಲ್ಲಿ ಬಂದ ಈ ಯಂತ್ರದ ತೂಕ ಸುಮಾರು 275 ಗ್ರಾಂ, ಪರದೆ 5.5 ಇಂಚು, ಒಳಗಿನ ಮೆಮೊರಿ 32 ಜಿಬಿ. ಟಿವಿಗೆ ಜೋಡಿಸಲು ಬರುವುದಿಲ್ಲ. ಹಾಗಾಗಿ ದೊಡ್ಡ ಪರದೆಯ ಮೇಲೆ ಹೆಸರು ಮಾಡಿದ ಆಟವೆಲ್ಲ ಇದರಲ್ಲಿ ಹಿತವಾಗುವುದಿಲ್ಲ. ಬೆಳಗಾವಿ ಬಸ್ಸಿನ ಐದು ತಾಸು, ಮಧ್ಯಾಹ್ನ ಕರೆಂಟು ಹೋದಾಗಿನ ಒಂದು ತಾಸು, ರಾತ್ರಿ ಊಟವಾದ ಮೇಲಿನ ಅರ್ಧ ತಾಸು, ಇಂಥ ತುಂಡು ಹೊತ್ತಿಗೆ ಹೊಂದುವ ಆಟ ಬೇಕು. ಆ ಲೆಕ್ಕಕ್ಕೆ ಸರದಿಯಂತೆ ಏಟು ಹಾಕುವ ಟರ್ನ್ ಬೇಸ್ಡ್ ಆಟಗಳು, ಓಡಾಡಿ ಕತ್ತಿ ಬೀಸುವ ಆಟಗಳಿಗಿಂತ ಬಹಳ ಮುಂದಿವೆ.

ಒಂದೇ ಒಂದು ಆಟ ಕೊಳ್ಳುವವರು ಡ್ರ್ಯಾಗನ್ ಕ್ವೆಸ್ಟ್ 11 ಎಸ್ ಕೊಳ್ಳಲಿ. ದಾಳಿ, ಮಂತ್ರ, ರಕ್ಷಣೆ ಎಲ್ಲ ಮೆನುವಿನಲ್ಲೇ ಇರುವುದರಿಂದ ಬಸ್ಸು ಎಷ್ಟು ಕುಲುಕಿದರೂ ಆಟ ಕೆಡುವುದಿಲ್ಲ. ಯುದ್ಧದ ವೇಗಕ್ಕೆ ಮೂರು ಹಂತಗಳಿವೆ. ಸಣ್ಣಪುಟ್ಟ ರಾಕ್ಷಸರ ಎದುರು ಅತಿ ವೇಗ ಇಟ್ಟುಕೊಳ್ಳಿ, ಬಾಸ್ ಎಂಬ ದೊಡ್ಡ ಶತ್ರು ಬಂದಾಗ ಇಳಿಸಿ. ಜಾಗ ಬದಲಾದಾಗ ಆಟ ತಾನೇ ಸೇವ್ ಮಾಡಿಕೊಳ್ಳುತ್ತದೆ. ಶುರುವಿನಲ್ಲಿ ಡ್ರಾಕೋನಿಯನ್ ಕ್ವೆಸ್ಟ್ ಎಂಬ ಕಷ್ಟದ ಪಟ್ಟಿ ಕೇಳುತ್ತದೆ, ಅವಸರದಲ್ಲಿ ದಾಟಿಬಿಡಬೇಡಿ. ಇಲ್ಲಿ ಆರಿಸಿದ್ದನ್ನು ಮುಂದೆ ತೆಗೆಯಬಹುದು, ಆರಿಸದೆ ಬಿಟ್ಟದ್ದನ್ನು ನಡುವೆ ಸೇರಿಸಲು ಬರುವುದಿಲ್ಲ. ಏನನ್ನೂ ಆರಿಸದಿದ್ದರೆ ಆಟ ತೀರ ಸಲೀಸು, ಇಪ್ಪತ್ತು ತಾಸಿನ ಹೊತ್ತಿಗೆ ಬೇಸರ ಹಿಡಿಯುತ್ತದೆ. ರಾಕ್ಷಸರ ಬಲ ಹೆಚ್ಚಿಸುವ ಆಯ್ಕೆ ಒಂದೇ ಸಾಕು. ಅಂಗಡಿ ಬಂದ್, ಕವಚ ಬಂದ್ ಎನ್ನುವವು ಮೊದಲ ಸುತ್ತಿಗೆ ಬೇಡ. ಹೆಸರುಗಳ ಪಟ್ಟಿ ಉರುಳಿತೆಂದು ಆಟ ಮುಗಿಯಿತು ಅಂದುಕೊಂಡು ಆಟದ ಕಾರ್ಡ್ ಮಾರಿಬಿಡಬೇಡಿ. ಕಥೆಯ ಮೂರನೇ ಭಾಗ ಶುರುವಾಗುವುದೇ ಅದಾದ ಮೇಲೆ.

ಈ ಆಟದ ಇಂಗ್ಲಿಷ್ ಬಗ್ಗೆಯೂ ಹೇಳಬೇಕು. ಊರಿಗೊಂದು ಮಾತಿನ ಧಾಟಿ ಇದೆ. ಗೊಂಡೋಲಿಯಾದವರದು ಇಟಾಲಿಯನ್ ಎಳೆತ, ಹೊಟ್ಟೊ ಎಂಬ ಊರಿನವರು ಮಾತಾಡುವುದೇ ಹೈಕು ಎಂಬ ಜಪಾನಿನ ಪುಟ್ಟ ಪದ್ಯದ ಧಾಟಿಯಲ್ಲಿ. ಬೆಳಗಾವಿಯ ಮಾತು ಬೇರೆ, ವಿಜಯಪುರದ ಮಾತು ಬೇರೆ ಎಂದು ಕಿವಿಯಿಂದಲೇ ಬಲ್ಲವರಿಗೆ ಇದು ಬಹಳ ಸೊಗಸು. ಇಂಗ್ಲಿಷ್ ಓದಲು ಹೊಸಬರಾದ ಹುಡುಗರಿಗೆ ಮಾತ್ರ ಮೊದಮೊದಲು ತೊಡಕಾಗುತ್ತದೆ.

ಯುದ್ಧದ ವಿಷಯಕ್ಕೆ ಬಂದರೆ 2018ರ ಆಕ್ಟೋಪಾತ್ ಟ್ರಾವೆಲರ್ ಎದುರು ನಿಲ್ಲುವ ಆಟ ಈ ಯಂತ್ರದಲ್ಲಿ ಕಡಿಮೆ. ಶತ್ರುವಿನ ಹತ್ತಿರ ಒಂದು ಗುರಾಣಿ, ಅದರ ಮೇಲೊಂದು ಅಂಕಿ. ಪಕ್ಕದ ಚೌಕಗಳಲ್ಲಿ ಪ್ರಶ್ನೆ ಚಿಹ್ನೆಗಳು. ಯಾವ ಆಯುಧ, ಯಾವ ಮಂತ್ರ ಅವನಿಗೆ ನಾಟುತ್ತದೆ ಎಂದು ಹೊಡೆದು ನೋಡಿಯೇ ತಿಳಿಯಬೇಕು. ಸರಿಯಾದ ಆಯುಧದ ಪ್ರತಿ ಏಟಿಗೆ ಗುರಾಣಿಯ ಅಂಕಿ ಒಂದು ಇಳಿಯುತ್ತದೆ, ಸೊನ್ನೆಗೆ ಬಂದರೆ ಶತ್ರು ತತ್ತರಿಸುತ್ತಾನೆ. ಆ ಸುತ್ತಿನಲ್ಲಿ ಅವನ ಸರದಿ ಇನ್ನೂ ಬಂದಿಲ್ಲದಿದ್ದರೆ ಅದೂ ಹೋಯಿತು, ಮುಂದಿನ ಸುತ್ತಿನದೂ ಹೋಯಿತು, ಬೀಳುವ ಏಟಿನ ಜೋರೂ ಹೆಚ್ಚು. ನಮ್ಮ ಗುಂಪಿನ ನಾಲ್ವರಲ್ಲಿ ಪ್ರತಿಯೊಬ್ಬನಿಗೂ ಸುತ್ತಿಗೊಂದು ಬೂಸ್ಟ್ ಪಾಯಿಂಟ್ ಸಿಗುತ್ತದೆ, ಏಟಿನ ಬಲ ಹೆಚ್ಚಿಸಲು. ಐದರವರೆಗೆ ಕೂಡಿಡಬಹುದು, ಒಮ್ಮೆಗೆ ಮೂರು ಖರ್ಚು ಮಾಡಬಹುದು. ಖರ್ಚು ಮಾಡಿದ ಮರು ಸುತ್ತಿನಲ್ಲಿ ಹೊಸದು ಸಿಗದು. ಮೂರು ಸುರಿದರೆ ಸಾದಾ ಏಟು ಒಂದರ ಬದಲು ನಾಲ್ಕು ಬೀಳುತ್ತದೆ.

ಹೊಸಬರು ತಪ್ಪುವುದು ಇಲ್ಲೇ. ಪಾಯಿಂಟ್ ಬಂದ ಹಾಗೆಲ್ಲ ಸುರಿದು ಗುರಾಣಿಯನ್ನು ಬೇಗ ಒಡೆಯುತ್ತಾರೆ, ಒಡೆದ ಮೇಲೆ ಜೋರಾಗಿ ಹೊಡೆಯಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಗುರಾಣಿಯನ್ನು ಒಂದಕ್ಕೆ ತಂದು ನಿಲ್ಲಿಸಿ. ನಾಲ್ವರ ಹತ್ತಿರವೂ ಮೂರು ಮೂರು ಪಾಯಿಂಟ್ ಕೂಡುವವರೆಗೆ ಗುಣಪಡಿಸುತ್ತ, ಕಾಯುತ್ತ ಇರಿ. ಪರದೆಯ ಮೇಲ್ಭಾಗದ ಸರದಿ ಸಾಲಿನಲ್ಲಿ ಶತ್ರುವಿಗಿಂತ ಮುಂದಿರುವವನಿಂದ ಕೊನೆಯ ಏಟು ಹಾಕಿಸಿ, ಆಮೇಲೆ ಉಳಿದ ಮೂವರಿಂದ ಕೂಡಿಟ್ಟ ಪಾಯಿಂಟ್ ಸುರಿಸಿ ಹೊಡೆಸಿ. ಎರಡನೇ ಅಧ್ಯಾಯದ ಬಾಸ್‌ಗಳ ಎದುರು ಲೆವೆಲ್ ಎರಡು ಮೂರು ಕಡಿಮೆ ಇದ್ದರೂ ಇದು ನಡೆಯುತ್ತದೆ.

ಆಟದ ಎಂಟು ನಾಯಕರಲ್ಲಿ ಯಾರಿಂದ ಶುರು ಮಾಡುತ್ತೀರೋ ಅವರ ಕಥೆ ಮುಗಿಯುವ ತನಕ ಅವರನ್ನು ಗುಂಪಿನಿಂದ ತೆಗೆಯಲು ಬರುವುದಿಲ್ಲ. ಅದಕ್ಕೇ ಕಳ್ಳ ಥೇರಿಯನ್‌ನಿಂದ ಶುರು ಮಾಡಿ. ನೇರಳೆ ಪೆಟ್ಟಿಗೆಗಳ ಬೀಗ ತೆಗೆಯಲು ಅವನೊಬ್ಬನಿಗೇ ಬರುತ್ತದೆ. ಹೇಗಿದ್ದರೂ ಅವನನ್ನು ಕರೆದುಕೊಂಡೇ ತಿರುಗಬೇಕಾಗುತ್ತದೆ. ಎರಡನೆಯವನು ಪಂಡಿತ ಸೈರಸ್ ಇರಲಿ, ಅವನಿದ್ದರೆ ಯುದ್ಧ ಶುರುವಾದೊಡನೆ ಶತ್ರುವಿನ ಒಂದು ದೌರ್ಬಲ್ಯ ತಾನಾಗಿ ಬಯಲಾಗುತ್ತದೆ. ಎರಡನೇ ವೃತ್ತಿ ಕೊಡುವ ಎಂಟು ಗುಡಿಗಳಿಗೆ ಕಾವಲಿಲ್ಲ, ಜಗಳ ತಪ್ಪಿಸಿಕೊಂಡು ಓಡುತ್ತ ಹೋಗಿ ಪಡೆಯಬಹುದು. ಕೊರತೆ ಎಂದರೆ ಎಂಟು ಕಥೆಗಳು ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲ, ಒಬ್ಬರ ದುಃಖದಲ್ಲಿ ಉಳಿದವರು ಇದ್ದೂ ಇಲ್ಲದಂತೆ. 2023ರಲ್ಲಿ ಬಂದ ಆಕ್ಟೋಪಾತ್ ಟ್ರಾವೆಲರ್ 2 ಇದನ್ನು ಸ್ವಲ್ಪ ಸರಿಪಡಿಸಿದೆ, ಯುದ್ಧದ ವೇಗ ಹೆಚ್ಚಿಸುವ ಗುಂಡಿಯನ್ನೂ ಕೊಟ್ಟಿದೆ.

ಫೈರ್ ಎಂಬ್ಲೆಮ್ ಥ್ರೀ ಹೌಸಸ್ ಚದುರಂಗ ಇಷ್ಟಪಡುವವರ ಆಟ. ಮೂರು ಮನೆತನಗಳಲ್ಲಿ ಒಂದನ್ನು ಆರಿಸಿ, ಅಲ್ಲಿನ ವಿದ್ಯಾರ್ಥಿಗಳಿಗೆ ಗುರುವಾಗಬೇಕು. ಕ್ಲಾಸಿಕ್ ಮೋಡ್‌ನಲ್ಲಿ ಸತ್ತವರು ಸತ್ತಂತೆಯೇ, ತಪ್ಪಿದ ನಡೆಯನ್ನು ಹಿಂದಕ್ಕೆ ತಿರುಗಿಸಲು ಡಿವೈನ್ ಪಲ್ಸ್ ಎಂಬ ಶಕ್ತಿ ಲೆಕ್ಕಕ್ಕೆ ಇಷ್ಟೇ ಸಲ ಎಂದು ಸಿಗುತ್ತದೆ. ಕ್ಯಾಶುಯಲ್ ಮೋಡ್‌ನಲ್ಲಿ ಬಿದ್ದವರು ಯುದ್ಧವಾದ ಮೇಲೆ ಮರಳುತ್ತಾರೆ. ಲೈಟ್‌ನಲ್ಲಿ ಇದರ ದೊಡ್ಡ ತೊಂದರೆ ಅಕ್ಷರ. ಬಹಳ ಸಣ್ಣವು, ಚಾಳೀಸಿನವರಿಗೆ ಕನ್ನಡಕ ಬೇಕೇ ಬೇಕು. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಜೂಮ್ ಆನ್ ಮಾಡಿ, ಹೋಮ್ ಗುಂಡಿಯನ್ನು ಎರಡು ಸಲ ಒತ್ತಿದರೆ ಪರದೆ ಹಿಗ್ಗುತ್ತದೆ. ಈ ಆಟಕ್ಕೆ ಅದಿಲ್ಲದೆ ಆಗುವುದಿಲ್ಲ.

ಪರ್ಸೋನಾ 5 ರಾಯಲ್ ಸ್ವಿಚ್‌ಗೆ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಚೆನ್ನಾಗಿ ಓಡುತ್ತದೆ, ಅಕ್ಷರವೂ ದಪ್ಪ. ಒಂದು ಎಚ್ಚರಿಕೆ: ಸಲಹೆಗಾರ ಮರುಕಿಯ ಜೊತೆಗಿನ ನಂಟು ಆಟದ ಕ್ಯಾಲೆಂಡರಿನ ನವೆಂಬರ್ 18ರೊಳಗೆ 9ನೇ ಹಂತ ಮುಟ್ಟದಿದ್ದರೆ ಮೂರನೇ ಸೆಮಿಸ್ಟರ್ ಎಂಬ ಇಡೀ ಭಾಗವೇ ತೆರೆಯುವುದಿಲ್ಲ. ನೂರು ತಾಸು ಆಡಿದ ಮೇಲೆ ಇದು ತಿಳಿದರೆ ಮಾಡಲು ಏನೂ ಉಳಿದಿರುವುದಿಲ್ಲ.

ವಿಚರ್ 3 ಇಷ್ಟು ಪುಟ್ಟ ಯಂತ್ರದಲ್ಲಿ ಓಡುವುದೇ ದೊಡ್ಡ ಕೆಲಸ, ಇಡೀ ಆಟ 32 ಜಿಬಿಯ ಒಂದೇ ಕಾರ್ಡಿನಲ್ಲಿದೆ. ಆದರೆ ಚಿತ್ರ ಮಬ್ಬು, ಬ್ಯಾಟರಿ ಮೂರು ತಾಸಿನ ಆಸುಪಾಸಿಗೇ ಮುಗಿಯುತ್ತದೆ. ಕಂಪ್ಯೂಟರಿನಲ್ಲಿ ಆಡಿದ ಸೇವ್ ತಂದು ಮುಂದುವರಿಸುವವರಿಗೆ ಮಾತ್ರ ಸರಿ. ಜೆನೋಬ್ಲೇಡ್ ಎಂಬ ಆಟಗಳ ವಿಶಾಲ ಬಯಲುಗಳೂ ಈ ಪರದೆಯಲ್ಲಿ ಕದಡಿ ಕಾಣುತ್ತವೆ.

ಇನ್ನು ಧಗೆ. ಯಂತ್ರವನ್ನು 5ರಿಂದ 35 ಡಿಗ್ರಿಯೊಳಗೆ ಬಳಸಿ ಎನ್ನುತ್ತದೆ ನಿಂಟೆಂಡೊ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಇಲ್ಲಿ 40 ದಾಟುತ್ತದೆ. ತಂಪು ಗಾಳಿ ಎಳೆದುಕೊಳ್ಳುವ ಸೀಳುಗಳು ಬೆನ್ನಿಗಿವೆ, ಬಿಸಿ ಗಾಳಿ ಹೊರಬೀಳುವುದು ಮೇಲಿನ ಅಂಚಿನಲ್ಲಿ. ಕೌದಿಯ ಮೇಲೆ ಮಲಗಿಸಿ ಚಾರ್ಜಿಗೆ ಹಾಕಿದರೆ ಬೆನ್ನು ಮುಚ್ಚಿಹೋಗಿ ಯಂತ್ರ ಕಾಯುತ್ತದೆ, ಹೆಚ್ಚು ಕಾದರೆ ತಾನೇ ಸ್ಲೀಪ್‌ಗೆ ಹೋಗುತ್ತದೆ. ಬೇಸಿಗೆಯಲ್ಲಿ ಚಾರ್ಜ್ ಮಾಡುತ್ತ ಆಡಬೇಡಿ. ಬೆಳಗ್ಗೆ ತಂಪು ಹೊತ್ತಿನಲ್ಲಿ ಚಾರ್ಜ್ ಮಾಡಿಡಿ, ಸುಮಾರು ಮೂರು ತಾಸು ಹಿಡಿಯುತ್ತದೆ. ಆಕ್ಟೋಪಾತ್‌ನಂಥ ಹಗುರ ಆಟ ಬೆಳಕು ಅರ್ಧಕ್ಕಿಟ್ಟರೆ ಐದು ತಾಸಿನ ಹತ್ತಿರ ಬರುತ್ತದೆ. ಪವರ್ ಬ್ಯಾಂಕ್ ಕೊಳ್ಳುವಾಗ ಪಿಡಿ, ಅಂದರೆ ಹೆಚ್ಚು ವಿದ್ಯುತ್ ಕೊಡುವ ಪವರ್ ಡೆಲಿವರಿ, ಇರುವುದನ್ನೇ ನೋಡಿ. ಹಳೆಯ ಫೋನ್ ಚಾರ್ಜರ್ ಹಾಕಿ ಭಾರದ ಆಟ ಆಡಿದರೆ ಚಾರ್ಜ್ ಏರುವ ಬದಲು ಇಳಿಯುತ್ತಲೇ ಹೋಗುತ್ತದೆ. ಸ್ಲೀಪ್‌ನಲ್ಲಿಟ್ಟ ಯಂತ್ರದ ಬ್ಯಾಟರಿ ಪೂರ್ತಿ ಸತ್ತರೆ ಸೇವ್ ಆಗದ ಆಟವೂ ಹೋಯಿತು.

ಧಗೆಗಿಂತ ಹೆಚ್ಚು ಕಾಡುವುದು ಧೂಳು, ಅದು ಕಾಡುವುದು ಪಾತ್ರವನ್ನು ನಡೆಸುವ ಹೆಬ್ಬೆರಳಿನ ಸ್ಟಿಕ್ಕಿಗೆ. ಕೈ ಬಿಟ್ಟರೂ ಪಾತ್ರ ತಾನೇ ಒಂದು ಕಡೆ ನಡೆಯತೊಡಗಿದರೆ ಡ್ರಿಫ್ಟ್ ಶುರುವಾಯಿತು ಎಂದರ್ಥ. ಲೈಟ್‌ನಲ್ಲಿ ಸ್ಟಿಕ್ ಯಂತ್ರಕ್ಕೇ ಅಂಟಿಕೊಂಡಿದೆ, ದೊಡ್ಡ ಸ್ವಿಚ್‌ನ ಹಾಗೆ ಪಕ್ಕದ ಕಂಟ್ರೋಲರ್ ಕಳಚಿ ಬೇರೆ ಹಾಕಲು ಆಗದು. ಮೊದಲು ಸಿಸ್ಟಮ್ ಸೆಟ್ಟಿಂಗ್ಸ್‌ನ ಕಂಟ್ರೋಲರ್ಸ್ ಅಂಡ್ ಸೆನ್ಸರ್ಸ್‌ನಲ್ಲಿ ಸ್ಟಿಕ್ ಕ್ಯಾಲಿಬ್ರೇಟ್ ಮಾಡಿ. ಸರಿಯಾಗದಿದ್ದರೆ ಯಂತ್ರವನ್ನು ಪೂರ್ತಿ ಆಫ್ ಮಾಡಿ, ಸ್ಟಿಕ್ಕಿನ ಬುಡದ ರಬ್ಬರ್ ಅಂಚನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಎತ್ತಿ, ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮುಕು ಬಿಡಿ. ಹತ್ತಿಪ್ಪತ್ತು ಸಲ ಸುತ್ತ ತಿರುಗಿಸಿ, ಚೆನ್ನಾಗಿ ಆರಲು ಬಿಡಿ. ಒಳಗಿನ ಪಟ್ಟಿಯೇ ಸವೆದಿದ್ದರೆ ಇದು ಕೆಲವು ವಾರದ ಉಪಶಮನ ಅಷ್ಟೇ, ಸ್ಟಿಕ್ ಬದಲಿಸಲೇಬೇಕು. ಹೊರಗಿನ ಸ್ಕ್ರೂಗಳು ಮೂರು ಕವಲಿನವು, ಮೊಬೈಲ್ ರಿಪೇರಿಯವರ ಹತ್ತಿರ ಆ ಸ್ಕ್ರೂಡ್ರೈವರ್ ಇದೆಯೇ ಎಂದು ಕೇಳಿಯೇ ಕೊಡಿ. ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲವಾದ್ದರಿಂದ ಕಂಪನಿಯ ಸರ್ವಿಸ್ ಸೆಂಟರ್ ನೆಚ್ಚಿಕೊಳ್ಳುವಂತಿಲ್ಲ. ಮೆನು ಆಟಗಳಲ್ಲಿ ಹೆಚ್ಚಿನ ಕೆಲಸ ನಾಲ್ಕು ದಿಕ್ಕಿನ ಗುಂಡಿಯಲ್ಲೇ ಆಗುವುದರಿಂದ ಸ್ಟಿಕ್ ಬಾಳಿಕೆ ಬರುತ್ತದೆ.

ಆಟದ ಕಾರ್ಡುಗಳಿಗೆ ದೇಶದ ಕಟ್ಟಿಲ್ಲ, ಯಾವ ದೇಶದ್ದಾದರೂ ಓಡುತ್ತದೆ. ಆಮೇಲೆ ಕೊಳ್ಳುವ ಹೆಚ್ಚುವರಿ ಭಾಗ, ಅಂದರೆ ಡಿಎಲ್‌ಸಿ ಮಾತ್ರ ಕಾರ್ಡ್ ಯಾವ ಪ್ರದೇಶದ್ದೋ ಅದೇ ಪ್ರದೇಶದ ಖಾತೆಯಿಂದ ಕೊಳ್ಳಬೇಕು. ಸೇವ್ ಇರುವುದು ಯಂತ್ರದೊಳಗೆ, ಆಟದ ಕಾರ್ಡಿನಲ್ಲೂ ಅಲ್ಲ, ಮೈಕ್ರೋ ಎಸ್‌ಡಿಯಲ್ಲೂ ಅಲ್ಲ. ಕಾರ್ಡ್ ಮಾರಿದರೆ ಸೇವ್ ಉಳಿಯುತ್ತದೆ, ಯಂತ್ರ ಕೆಟ್ಟರೆ ಹೋಗುತ್ತದೆ. ರಿಪೇರಿಗೆ ಕೊಡುವ ಮೊದಲು ಸೇವ್ ಅನ್ನು ನಿಂಟೆಂಡೊದ ಚಂದಾ ಸೇವೆಯಾದ ಸ್ವಿಚ್ ಆನ್‌ಲೈನ್‌ನ ಕ್ಲೌಡ್‌ಗೆ ಏರಿಸಿ. ಕೊಳ್ಳುವ ಮೊದಲು ನಿಂಟೆಂಡೊದ ಆನ್‌ಲೈನ್ ಅಂಗಡಿ ಇ-ಶಾಪ್‌ನ ಡೆಮೊ, ಅಂದರೆ ಬಿಟ್ಟಿ ಮಾದರಿ, ಆಡಿ. ಆಕ್ಟೋಪಾತ್‌ನದು ಮೂರು ತಾಸು, ಡ್ರ್ಯಾಗನ್ ಕ್ವೆಸ್ಟ್‌ನದು ಹತ್ತು ತಾಸಿನ ಹತ್ತಿರ, ಎರಡರ ಸೇವ್ ಕೂಡ ಪೂರ್ತಿ ಆಟಕ್ಕೆ ಹಾಗೇ ಬರುತ್ತದೆ.