ಪೆಟ್ರೋಲ್ ಮೋಟರ್‌ಹೋಮ್ ಮಾರಿ ಡೀಸೆಲ್ ತಗೊಂಡೆವು: ಮೈಲೇಜ್ ಲೆಕ್ಕ, ಸರ್ವಿಸ್ ಲೆಕ್ಕ

ಡೀಸೆಲ್ ಗಾಡಿ ಅಂದ್ರೆ ಉಳಿತಾಯ ಅನ್ನುವ ನಂಬಿಕೆಯನ್ನು ನಾವು ಊರಿಂದಲೇ ಹೊತ್ತು ತಂದಿದ್ದೇವೆ. ಕ್ವಾಲಿಸ್, ಸುಮೊ, ಇನ್ನೋವಾ ನೋಡಿ ಬೆಳೆದವರಿಗೆ ಅದು ಸಹಜವೇ. ಭಾರತದಲ್ಲಿ 2014ರ ಅಕ್ಟೋಬರ್‌ವರೆಗೆ ಡೀಸೆಲ್ ಬೆಲೆ ಸರ್ಕಾರದ ಹಿಡಿತದಲ್ಲಿತ್ತು. ಪೆಟ್ರೋಲಿಗಿಂತ ಅಗ್ಗ, ಮೇಲೆ ಮೈಲೇಜೂ ಜಾಸ್ತಿ. ಇನ್ನೇನು ಬೇಕು? ಆದರೆ ಅಮೆರಿಕದಲ್ಲಿ ಒಳಗೇ ಮಲಗಲು, ಅಡಿಗೆ ಮಾಡಲು ಜಾಗವಿರುವ ಓಡುವ ಮನೆ, ಅಂದರೆ ಮೋಟರ್‌ಹೋಮ್ ಕೊಳ್ಳಲು ಹೊರಟವರಿಗೆ ಈ ಲೆಕ್ಕ ಹೊಂದುವುದಿಲ್ಲ. ಎರಡನ್ನೂ ವರ್ಷಗಟ್ಟಲೆ ಓಡಿಸಿದ ಮೇಲೆ ಬರೆಯುತ್ತಿದ್ದೇನೆ. ಡೀಸೆಲ್ ಮೋಟರ್‌ಹೋಮ್ ಒಳ್ಳೆಯ ಗಾಡಿ. ಆದರೆ ಅದು ದುಡ್ಡು ಉಳಿಸುವ ಗಾಡಿ ಅಲ್ಲ.

ನಾವಿರುವುದು ಡಲ್ಲಾಸ್ ಹತ್ತಿರ. ಮೊದಲು ನಮ್ಮಲ್ಲಿದ್ದದ್ದು 32 ಅಡಿಯ ಕ್ಲಾಸ್ ಎ ಗಾಡಿ, ಅಂದರೆ ಬಸ್ಸಿನ ಆಕಾರದ ದೊಡ್ಡ ಮಾದರಿ. ಫೋರ್ಡ್ ಎಫ್-53 ಚಾಸಿ, 6.8 ಲೀಟರಿನ ವಿ10 ಪೆಟ್ರೋಲ್ ಎಂಜಿನ್. ಇಲ್ಲಿಯವರು ಇದನ್ನೇ ಗ್ಯಾಸ್ ಗಾಡಿ ಅನ್ನುತ್ತಾರೆ. ಈಗಿರುವುದು 36 ಅಡಿಯ ಡೀಸೆಲ್ ಪುಶರ್, ಅಂದರೆ ಎಂಜಿನ್ ಹಿಂಭಾಗದಲ್ಲಿ ಕೂತಿರುವಂಥದ್ದು. ಫ್ರೈಟ್‌ಲೈನರ್ ಚಾಸಿ, 6.7 ಲೀಟರಿನ ಕಮಿನ್ಸ್ ಎಂಜಿನ್, ಆಲಿಸನ್ ಆಟೋಮ್ಯಾಟಿಕ್ ಗೇರ್. ಎರಡನ್ನೂ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಉದ್ದವೂ ಬೇರೆ, ತೂಕವೂ ಬೇರೆ, ಹಾಗಾಗಿ ಇದು ತಕ್ಕಡಿಯಲ್ಲಿಟ್ಟು ತೂಗಿದ ಹೋಲಿಕೆ ಅಲ್ಲ. ಆದರೆ ಪೆಟ್ರೋಲ್‌ನಿಂದ ಡೀಸೆಲ್‌ಗೆ ಹೋಗುವ ಬಹುತೇಕ ಜನ ಹೀಗೆಯೇ ಸ್ವಲ್ಪ ದೊಡ್ಡ ಗಾಡಿಗೆ ಹೋಗುತ್ತಾರೆ. ಚಿಕ್ಕ ಡೀಸೆಲ್ ಪುಶರ್ ಹುಡುಕಿದರೂ ಸಿಗುವುದು ಅಪರೂಪ.

ಮೊದಲು ಮೈಲೇಜ್. ಪೆಟ್ರೋಲ್ ಗಾಡಿ ಸಮತಟ್ಟಾದ ಹೆದ್ದಾರಿಯಲ್ಲಿ ಗ್ಯಾಲನ್‌ಗೆ 8 ಮೈಲಿ ಆಸುಪಾಸು ಕೊಡುತ್ತಿತ್ತು. ನಮ್ಮ ಊರಿನ ಲೆಕ್ಕದಲ್ಲಿ ಲೀಟರಿಗೆ 3.4 ಕಿಲೋಮೀಟರ್. ಐವತ್ತು ಜನರನ್ನು ಹೊತ್ತ ಕೆಎಸ್‌ಆರ್‌ಟಿಸಿ ಕೆಂಪು ಬಸ್ಸು ಇದಕ್ಕಿಂತ ಜಾಸ್ತಿ ಕೊಡುತ್ತದೆ! ಅಮರಿಲೋ ಕಡೆಯ ಬಯಲಿನಲ್ಲಿ ಎದುರುಗಾಳಿ ಬಿದ್ದರೆ ಏಳೂ ಸಿಗುತ್ತಿರಲಿಲ್ಲ. ಡೀಸೆಲ್ ಗಾಡಿ ಅದೇ ರಸ್ತೆಯಲ್ಲಿ ಒಂಬತ್ತರ ಹತ್ತಿರ ಬರುತ್ತದೆ, ಲೀಟರಿಗೆ 3.8 ಕಿಲೋಮೀಟರ್. ಹಿಂದೆ ಕಾರು ಎಳೆದುಕೊಂಡು ಹೋದರೆ ಎರಡೂ ಇನ್ನಷ್ಟು ಇಳಿಯುತ್ತವೆ. ಡೀಸೆಲ್ ಸ್ವಲ್ಪ ಕಡಿಮೆ ಇಳಿಯುತ್ತದೆ, ಅಷ್ಟೇ.

ವ್ಯತ್ಯಾಸ ಯಾಕೆ ಇಷ್ಟು ಕಮ್ಮಿ? ಒಂದು ಗ್ಯಾಲನ್ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಶೇಕಡಾ 12–13ರಷ್ಟು ಹೆಚ್ಚು ಶಕ್ತಿ ಇರುತ್ತದೆ. ಡೀಸೆಲ್ ಎಂಜಿನ್ ಅದನ್ನು ಚೆನ್ನಾಗಿಯೂ ಬಳಸುತ್ತದೆ. ಆದರೆ ಡೀಸೆಲ್ ಗಾಡಿಯ ಎಂಜಿನ್, ಗೇರ್ ಬಾಕ್ಸ್, ಏರ್ ಬ್ರೇಕ್, ಏರ್ ಸಸ್ಪೆನ್ಷನ್ ಎಲ್ಲವೂ ಭಾರ. ಗಳಿಸಿದ್ದರಲ್ಲಿ ಅರ್ಧವನ್ನು ತನ್ನ ತೂಕಕ್ಕೇ ಖರ್ಚು ಮಾಡುತ್ತದೆ. ಇನ್ನು ಮುಂದಿನ ಗಾಜು ನೆಟ್ಟಗೆ ನಿಂತ ಗೋಡೆಯ ಹಾಗಿರುವಾಗ ಗಾಳಿಗೆ ಪೆಟ್ರೋಲ್ ಯಾವುದು, ಡೀಸೆಲ್ ಯಾವುದು? ಗಂಟೆಗೆ 62–65 ಮೈಲಿ ವೇಗದಲ್ಲಿ ಹೋಗಿ ನೋಡಿ, 75ರಲ್ಲಿ ಹೋಗಿ ನೋಡಿ. ಪೆಟ್ರೋಲ್ ಬಿಟ್ಟು ಡೀಸೆಲ್ ತಗೊಂಡು ಉಳಿಸುವುದಕ್ಕಿಂತ ಕಾಲನ್ನು ಸ್ವಲ್ಪ ಸಡಿಲಿಸಿ ಉಳಿಸುವುದೇ ಜಾಸ್ತಿ. ಪಶ್ಚಿಮ ಟೆಕ್ಸಸ್‌ನ ಐ-10ರಲ್ಲಿ 80 ಮೈಲಿ ಬೋರ್ಡ್ ಹಾಕಿದ್ದಾರೆ ಅಂತ ಮೋಟರ್‌ಹೋಮನ್ನು ಹಾಗೆ ಓಡಿಸಬೇಡಿ. ಇಂಥ ಗಾಡಿಗಳಿಗೆ ಹಾಕುವ ಎಷ್ಟೋ ಟೈರ್‌ಗಳ ಮಿತಿಯೇ 75.

ಈಗ ಬೆಲೆ. ಇಲ್ಲಿ ಡೀಸೆಲ್ ಮೇಲೆ ಕೇಂದ್ರದ ತೆರಿಗೆ ಗ್ಯಾಲನ್‌ಗೆ 24.4 ಸೆಂಟ್, ಪೆಟ್ರೋಲ್ ಮೇಲೆ 18.4. ಹತ್ತಿರಹತ್ತಿರ ಮೂವತ್ತು ವರ್ಷದಿಂದ ಹೀಗೇ ಇದೆ. ಟೆಕ್ಸಸ್ ರಾಜ್ಯದ ತೆರಿಗೆ ಎರಡಕ್ಕೂ 20 ಸೆಂಟ್. ಅದರ ಮೇಲೆ ಟ್ರಕ್ಕು, ರೈಲು, ಟ್ರ್ಯಾಕ್ಟರ್ ಎಲ್ಲದಕ್ಕೂ ಡೀಸೆಲ್ಲೇ ಬೇಕು. ಹಾಗಾಗಿ ಪಂಪಿನಲ್ಲಿ ಡೀಸೆಲ್ ಸಾಮಾನ್ಯವಾಗಿ ಮೇಲೆಯೇ ಇರುತ್ತದೆ. ಸುಮ್ನೆ ಒಂದು ಲೆಕ್ಕ ಹಾಕೋಣ. ಪೆಟ್ರೋಲ್ 3 ಡಾಲರ್, ಡೀಸೆಲ್ 3.60 ಅಂದುಕೊಳ್ಳಿ. ಪೆಟ್ರೋಲ್ ಗಾಡಿಗೆ ಮೈಲಿಗೆ 37.5 ಸೆಂಟ್ ಬಿತ್ತು. ಡೀಸೆಲ್ ಗಾಡಿಗೆ 40 ಸೆಂಟ್. ಮೈಲೇಜ್ ಜಾಸ್ತಿ ಇದ್ದೂ ಖರ್ಚು ಜಾಸ್ತಿ! ಡೀಸೆಲ್ ಶೇಕಡಾ 20 ದುಬಾರಿಯಾದರೆ ಮೈಲೇಜೂ ಶೇಕಡಾ 20 ಮೇಲೇರಬೇಕು, ಅಂದರೆ ಎಂಟಿದ್ದದ್ದು 9.6 ಆಗಬೇಕು. ನಮ್ಮ ಗಾಡಿಯಲ್ಲಿ ಅದು ಹಿಂದಿನಿಂದ ಗಾಳಿ ತಳ್ಳಿದ ದಿನ ಮಾತ್ರ.

2022ರ ಜೂನ್‌ನಲ್ಲಿ ದೇಶದ ಸರಾಸರಿ ಪೆಟ್ರೋಲ್ 5 ಡಾಲರ್ ದಾಟಿತು, ಡೀಸೆಲ್ 5.80 ದಾಟಿತು. ನಮ್ಮಂಥ ಗಾಡಿಯ 100 ಗ್ಯಾಲನ್ ಟ್ಯಾಂಕ್ ತುಂಬಿಸಲು 580 ಡಾಲರ್. ಆ ಬೇಸಿಗೆಯಲ್ಲಿ ಮೋಟರ್‌ಹೋಮ್ ಇದ್ದ ಯಾರೂ ಮೈಲೇಜ್ ಬಗ್ಗೆ ಜಂಬ ಕೊಚ್ಚಲಿಲ್ಲ.

ಡೀಸೆಲ್ ಪರವಾಗಿ ಒಂದು ಮಾತು ಹೇಳಲೇಬೇಕು. ಟ್ರಕ್ ಸ್ಟಾಪ್‌ಗಳಲ್ಲಿ ಟ್ರಕ್ ಲೇನಿನ ಡೀಸೆಲ್‌ಗೆ ರಿಯಾಯಿತಿ ಕಾರ್ಡ್‌ಗಳಿವೆ. ಮೋಟರ್‌ಹೋಮ್ ಇಟ್ಟುಕೊಂಡವರಿಗೂ ಕೊಡುತ್ತಾರೆ. ಗ್ಯಾಲನ್‌ಗೆ 40–50 ಸೆಂಟ್ ಇಳಿಯುವುದೂ ಉಂಟು. ಕೆಲವು ಕಡೆ ಹತ್ತು ಸೆಂಟೂ ಇಳಿಯುವುದಿಲ್ಲ, ಮೊದಲೇ ನೋಡಿಕೊಂಡು ಹೋಗಬೇಕು. ಕಾರ್ಡ್ ಸರಿಯಾಗಿ ಬಳಸಿದರೆ ಒಟ್ಟಾರೆ ಸರಾಸರಿಯಲ್ಲಿ ಮೈಲಿಯ ಖರ್ಚು ಪೆಟ್ರೋಲಿನ ಸಮಕ್ಕೆ ಬರುತ್ತದೆ. ಸಮಕ್ಕೆ ಅಂದೆ, ಕೆಳಕ್ಕೆ ಅಲ್ಲ.

ಯಾಕೆಂದರೆ ಡೀಸೆಲ್ ಜೊತೆ ಇನ್ನೊಂದನ್ನೂ ಕುಡಿಸಬೇಕು: ಡಿಇಎಫ್, ಅಂದರೆ ಹೊಗೆಯ ಮಾಲಿನ್ಯ ತಗ್ಗಿಸುವ ದ್ರವ. ಊರಲ್ಲಿ ಬಿಎಸ್-6 ಗಾಡಿಗಳಿಗೆ ಆಡ್‌ಬ್ಲೂ ಅಂತ ಹಾಕುತ್ತಾರಲ್ಲ, ಅದೇ ಯೂರಿಯಾ ನೀರು. 2010ರ ಮಾಲಿನ್ಯ ನಿಯಮ ಬಂದ ಮೇಲಿನ ಡೀಸೆಲ್ ಗಾಡಿಗಳಿಗೆ ಇದು ಬೇಕೇ ಬೇಕು. ಸುರಿದ ಡೀಸೆಲ್‌ನ ಶೇಕಡಾ 2–3ರಷ್ಟು ಹೋಗುತ್ತದೆ. ಮೈಲಿಗೆ ಒಂದು ಸೆಂಟ್ ಆಸುಪಾಸು. ಖರ್ಚಿಗಿಂತ ಇದರ ಕಿರಿಕಿರಿ ದೊಡ್ಡದು. ಮೈನಸ್ 11 ಡಿಗ್ರಿಯಲ್ಲಿ ಇದು ಗಟ್ಟಿಯಾಗುತ್ತದೆ. ಟೆಕ್ಸಸ್ ಬಿಸಿಲಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಕೆಡುತ್ತದೆ. ಟ್ಯಾಂಕ್ ಖಾಲಿಯಾದರೆ ಎಂಜಿನ್ ತಾನೇ ಶಕ್ತಿ ಕಡಿತ ಮಾಡುತ್ತದೆ. ಸೆನ್ಸರ್ ಹೋದರೂ ಅದೇ ಶಿಕ್ಷೆ. 2021ರಲ್ಲಿ ಚಿಪ್ ಕೊರತೆ ಬಂದಾಗ ಡಿಇಎಫ್ ಸೆನ್ಸರ್ ಸಿಗದೆ ಎಷ್ಟೋ ಡೀಸೆಲ್ ಮೋಟರ್‌ಹೋಮ್‌ಗಳು ನಿಂತಲ್ಲೇ ನಿಂತಿದ್ದವು. ಪೆಟ್ರೋಲ್ ಗಾಡಿಯವರಿಗೆ ಈ ತಲೆನೋವೇ ಇಲ್ಲ.

ನಿಜವಾಗಿ ಜೇಬಿಗೆ ಕತ್ತರಿ ಬೀಳುವುದು ಸರ್ವಿಸ್‌ನಲ್ಲಿ. ಪೆಟ್ರೋಲ್ ಗಾಡಿಗೆ ಆರೇಳು ಕ್ವಾರ್ಟ್ (ಒಂದು ಕ್ವಾರ್ಟ್ ಅಂದರೆ ಹತ್ತಿರಹತ್ತಿರ ಒಂದು ಲೀಟರ್) ಆಯಿಲ್, ಒಂದು ಫಿಲ್ಟರ್, ಮುಗೀತು. ನಾನೇ ಮನೆ ಮುಂದೆ ಬದಲಿಸುತ್ತಿದ್ದೆ. ಡೀಸೆಲ್‌ಗೆ 15 ಕ್ವಾರ್ಟಿಗಿಂತ ಜಾಸ್ತಿ ಆಯಿಲ್ ಬೇಕು. ಎರಡು ಇಂಧನ ಫಿಲ್ಟರ್, ಅದರಲ್ಲಿ ಒಂದು ನೀರು ಬೇರ್ಪಡಿಸುವಂಥದ್ದು. ದೊಡ್ಡ ಏರ್ ಫಿಲ್ಟರ್. ಏರ್ ಬ್ರೇಕಿನ ಗಾಳಿ ಒಣಗಿಸುವ ಡ್ರೈಯರ್‌ಗೆ ಕಾರ್ಟ್ರಿಜ್. ಚಾಸಿ ಪೂರ್ತಿ ಗ್ರೀಸ್. ಜನರೇಟರಿಗೆ ಬೇರೆ ಆಯಿಲ್, ಬೇರೆ ಫಿಲ್ಟರ್. ಮೈಲಿ ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಮಾಡಿಸಲೇಬೇಕು. ಎಲ್ಲ ಸೇರಿಸಿ ಮಾಡಿಸಿದ ವರ್ಷ ಬಿಲ್ಲು ಸಾವಿರ ಡಾಲರ್ ದಾಟುತ್ತದೆ. ಸಾಮಾನ್ಯ ಗ್ಯಾರೇಜಿನ ಲಿಫ್ಟಿಗೆ ಇದು ಹತ್ತುವುದಿಲ್ಲ, ಟ್ರಕ್ ರಿಪೇರಿ ಮಾಡುವ ಕಡೆಯೇ ಹೋಗಬೇಕು. ಅಲ್ಲಿ ದುಡಿಯುವ ಟ್ರಕ್‌ಗಳಿಗೆ ಮೊದಲ ಮಣೆ. ಒಂದು ಕಡೆ ನಮ್ಮ ಗಾಡಿಯನ್ನು ಒಂದು ವಾರ ಅಂಗಳದಲ್ಲಿ ನಿಲ್ಲಿಸಿಕೊಂಡು ಆಮೇಲೆ ಎಂಜಿನ್ ಮುಚ್ಚಳ ತೆಗೆದರು. ಅವರನ್ನು ಬೈದು ಪ್ರಯೋಜನವಿಲ್ಲ, ಅವರ ಅನ್ನ ಇರುವುದು ಟ್ರಕ್‌ನವರ ಹತ್ತಿರ.

ಇಲ್ಲೊಂದು ವಾದ ಬರುತ್ತದೆ: ಡೀಸೆಲ್ ಎಂಜಿನ್ ಲಕ್ಷಗಟ್ಟಲೆ ಮೈಲಿ ಬಾಳುತ್ತದೆ ಅಲ್ವಾ? ಬಾಳುತ್ತದೆ, ಸುಳ್ಳಲ್ಲ. ಆದರೆ ರಜೆಯಲ್ಲಿ ಮಾತ್ರ ಓಡುವ ಗಾಡಿ ವರ್ಷಕ್ಕೆ ಐದಾರು ಸಾವಿರ ಮೈಲಿ ಓಡಿದರೆ ಹೆಚ್ಚು. ಎಂಜಿನ್ ಸವೆಯುವ ಮೊದಲೇ ಮಾಡು ಸೋರುತ್ತದೆ, ಸೋಫಾ ಸಿಪ್ಪೆ ಏಳುತ್ತದೆ, ಗಾಡಿ ನಿಂತಾಗ ಹೊರಕ್ಕೆ ಚಾಚುವ ಕೋಣೆಯ ಭಾಗ, ಅಂದರೆ ಸ್ಲೈಡ್‌ಔಟ್ ಸಿಕ್ಕಿಹಾಕಿಕೊಳ್ಳುತ್ತದೆ. ಟೈರ್‌ಗಳೂ ಹಾಗೆಯೇ, ಸವೆದು ಸಾಯುವುದಿಲ್ಲ, ವಯಸ್ಸಾಗಿ ಸಾಯುತ್ತವೆ. ಆರೇಳು ವರ್ಷಕ್ಕೆ ಆರೂ ಟೈರ್ ಬದಲಿಸಬೇಕು. ಅದು ಎರಡೂ ಗಾಡಿಗೆ ಒಂದೇ.

ಹಾಗಾದರೆ ಯಾಕೆ ಡೀಸೆಲ್‌ಗೆ ಹೋದಿರಿ ಅಂತ ಕೇಳುತ್ತೀರಿ. ಘಾಟಿಗಾಗಿ.

ಡಲ್ಲಾಸ್‌ನಿಂದ ಕೊಲೊರಾಡೊಗೆ ನಾವು ಹೋಗುವುದು ಅಮರಿಲೋ, ಡಾಲ್‌ಹಾರ್ಟ್, ಕ್ಲೇಟನ್ ದಾರಿಯಲ್ಲಿ. ಆ ದಾರಿಯ ಘಾಟಿ ರಟೋನ್ ಪಾಸ್ 7,834 ಅಡಿ ಎತ್ತರದಲ್ಲಿದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಅಡಿಗೆ ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಡೆನ್ವರ್ ದಾಟಿ ಐ-70ರಲ್ಲಿ ಐಸೆನ್‌ಹೋವರ್ ಸುರಂಗ ತಲುಪುವ ಹೊತ್ತಿಗೆ 11,158 ಅಡಿ. ಮೂರರಲ್ಲೊಂದು ಪಾಲು ಶಕ್ತಿ ಅಲ್ಲಿಗೆ ಗಾಳಿಯಲ್ಲಿ ಹೋಯಿತು. ಎಂಜಿನ್ ಮುಂದಿನ ಎರಡು ಸೀಟುಗಳ ಮಧ್ಯೆಯೇ ಇರುವುದರಿಂದ 4,000 ಆರ್‌ಪಿಎಂ ದಾಟಿದ ಮೇಲೆ ಒಳಗಿರುವವರಿಗೆ ಮಿಕ್ಸಿಯೊಳಗೆ ಕೂತ ಹಾಗೆ. ಗಾಡಿ ಹತ್ತುತ್ತದೆ, ಅದರಲ್ಲಿ ಅನುಮಾನವಿಲ್ಲ. ಮಾತಾಡಲು ಆಗುವುದಿಲ್ಲ, ಅಷ್ಟೇ.

ಡೀಸೆಲ್‌ನಲ್ಲಿ ಟರ್ಬೊ ಇದೆ, ತೆಳುಗಾಳಿಯ ಪೆಟ್ಟು ಕಮ್ಮಿ. 360 ಅಶ್ವಶಕ್ತಿಯ 6.7 ಕಮಿನ್ಸ್‌ಗೆ 800 ಪೌಂಡ್-ಅಡಿ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. ಫೋರ್ಡ್‌ನವರು ವಿ10 ಬದಲಿಗೆ ತಂದ 7.3 ಲೀಟರಿನ ಹೊಸ ವಿ8ಗೂ 468 ಮಾತ್ರ. ಅದೂ ಡೀಸೆಲ್‌ನ ಸದ್ದೆಲ್ಲ ಮೂವತ್ತೈದು ಅಡಿ ಹಿಂದೆ. ಹತ್ತುವುದಕ್ಕಿಂತ ಇಳಿಯುವುದು ಇನ್ನೂ ಮುಖ್ಯ. ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆಗೆ ಶೇಕಡಾ 7ರ ಇಳಿಜಾರು ಮೈಲಿಗಟ್ಟಲೆ ಇದೆ, ಬ್ರೇಕ್ ಹೋದ ಟ್ರಕ್‌ಗಳಿಗೆಂದು ಪಕ್ಕದಲ್ಲಿ ಏರು ದಾರಿಗಳೂ ಇವೆ. ಡೀಸೆಲ್‌ನಲ್ಲಿ ಎಕ್ಸಾಸ್ಟ್ ಬ್ರೇಕ್ (ಹೊಗೆ ಹೋಗುವ ದಾರಿ ಬಿಗಿದು ಎಂಜಿನ್ನಿಂದಲೇ ವೇಗ ತಗ್ಗಿಸುವಂಥದ್ದು) ಹಾಕಿದರೆ ಗಾಡಿ ತನ್ನಷ್ಟಕ್ಕೆ ವೇಗ ಹಿಡಿದಿಟ್ಟುಕೊಂಡು ಇಳಿಯುತ್ತದೆ. ಕಾಲು ಪೆಡಲ್ ಮುಟ್ಟುವುದೇ ಅಪರೂಪ. ಪೆಟ್ರೋಲ್‌ನಲ್ಲಿ ಟೋ-ಹಾಲ್ ಮೋಡ್ ಗೇರ್ ಇಳಿಸಿ ಸಹಾಯ ಮಾಡುತ್ತದೆ, ಆದರೆ ಬ್ರೇಕ್ ಮೇಲೆ ಮನಸ್ಸು ಇಟ್ಟೇ ಇರಬೇಕು. ನನ್ನ ಹೆಂಡತಿ ಪೆಟ್ರೋಲ್ ಗಾಡಿಯನ್ನು ಗುಡ್ಡದಲ್ಲಿ ಯಾವತ್ತೂ ಓಡಿಸಲಿಲ್ಲ. ಈಗ ಸ್ಟೀರಿಂಗ್ ನನಗೆ ಕೊಡುವುದೇ ಇಲ್ಲ.

ಇಂಧನ ತುಂಬಿಸುವುದೂ ಬೇರೆಬೇರೆ ಅನುಭವ. ಪೆಟ್ರೋಲಿಗೆ ಕಾರುಗಳ ಮಧ್ಯೆ ನುಗ್ಗಬೇಕು, ಹಿಂಭಾಗ ಬೀಸಿ ಕಂಬಕ್ಕೆ ತಾಗೀತು ಅಂತ ಯಾರಾದರೂ ಕೆಳಗಿಳಿದು ನೋಡಬೇಕು. ಕ್ರೆಡಿಟ್ ಕಾರ್ಡ್ ಮಿತಿ ಬಂದು ಪಂಪ್ ಅರ್ಧದಲ್ಲೇ ನಿಂತರೆ ಮತ್ತೆ ಮೊದಲಿಂದ. ಡೀಸೆಲ್‌ಗೆ ಟ್ರಕ್ ಲೇನ್ ಅಗಲ, ಪಂಪಿನ ರಭಸ ಜಾಸ್ತಿ, ಬೇಗ ಮುಗಿಯುತ್ತದೆ. ಆದರೆ ಮುಗಿದ ತಕ್ಷಣ ಮುಂದೆ ಸರಿದು ಆಮೇಲೆ ಚಹಾ ಮಾಡಿಕೊಳ್ಳಿ, ಹಿಂದಿನ ಟ್ರಕ್‌ನವರಿಗೆ ಗಡಿಯಾರದ ಕೆಲಸ.

ಜನರೇಟರ್ ಎರಡರಲ್ಲೂ ಅದೇ ಟ್ಯಾಂಕಿನಿಂದ ಕುಡಿಯುತ್ತದೆ, ಸಾಮಾನ್ಯವಾಗಿ ಕಾಲು ಟ್ಯಾಂಕಿಗೆ ಬಂದಾಗ ನಿಲ್ಲುತ್ತದೆ. ಆಗಸ್ಟ್‌ನಲ್ಲಿ ಎರಡು ಎಸಿ ಹಾಕಿ ರಾತ್ರಿ ಕಳೆದರೆ ಮರುದಿನದ ಮೈಲೇಜ್ ಲೆಕ್ಕ ಕೆಟ್ಟಂತೆಯೇ. ಇದನ್ನು ಬಿಟ್ಟು ಮೈಲೇಜ್ ಹೇಳುವವರನ್ನು ನಂಬಬೇಡಿ.

ವರ್ಷಕ್ಕೆ ನಾಲ್ಕು ಸಲ ಗ್ಯಾಲ್ವೆಸ್ಟನ್, ಆಸ್ಟಿನ್ ಕಡೆ ಹೋಗಿಬರುವವರಿಗೆ ಪೆಟ್ರೋಲ್ ಸಾಕು. ಕೊಳ್ಳುವ ಬೆಲೆಯಲ್ಲಿ ಉಳಿಯುವ ಹತ್ತಾರು ಸಾವಿರ ಡಾಲರ್‌ಗೆ ಎಷ್ಟು ಇಂಧನ ಬರುತ್ತದೆ ಅಂತ ಲೆಕ್ಕ ಹಾಕಿ. ರಾಕಿ ಪರ್ವತಕ್ಕೆ ಪದೇಪದೇ ಹೋಗುವವರು, ಭಾರದ ಕಾರು ಎಳೆಯುವವರು, ತಿಂಗಳುಗಟ್ಟಲೆ ಗಾಡಿಯಲ್ಲೇ ಇರುವವರು ಡೀಸೆಲ್ ನೋಡಬಹುದು. ಗಾಡಿಯ ಗರಿಷ್ಠ ತೂಕ 26,000 ಪೌಂಡ್ ದಾಟಿದರೆ ಟೆಕ್ಸಸ್‌ನಲ್ಲಿ ಕ್ಲಾಸ್ ಬಿ ಲೈಸೆನ್ಸ್ ಬೇಕು, ಅದಕ್ಕೆ ಪರೀಕ್ಷೆಯೂ ಇದೆ. ಡೀಸೆಲ್ ಸೆಕೆಂಡ್ ಹ್ಯಾಂಡ್ ನೋಡಲು ಹೋದರೆ ಓಡೋಮೀಟರ್‌ಗಿಂತ ಮೊದಲು ಸರ್ವಿಸ್ ರಸೀದಿಗಳನ್ನು ಕೇಳಿ. ಕಮ್ಮಿ ಓಡಿದೆ ಅಂತ ಹೊಗಳುವ ಗಾಡಿ ಸುಮ್ನೆ ನಿಂತು ಹಾಳಾಗಿರಬಹುದು. ಟೈರ್ ಪಕ್ಕದ ಡಾಟ್ ಕೋಡ್‌ನ ಕೊನೆಯ ನಾಲ್ಕು ಅಂಕಿ ಓದಿ, ಅದೇ ತಯಾರಾದ ವಾರ ಮತ್ತು ವರ್ಷ. ಜನರೇಟರ್ ಎಷ್ಟು ಗಂಟೆ ಓಡಿದೆ ನೋಡಿ. ತಣ್ಣಗಿರುವ ಎಂಜಿನ್ ಅನ್ನು ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ನೀವು ಬರುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ, ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿ.