ಎರಡನೇ ಗುಂಡಿನ ಲೆಕ್ಕ: ಆರು ಕ್ಯಾಲಿಬರ್ ಹೊಡೆದು ನೋಡಿದ ಮೇಲೆ

"ದೊಡ್ಡದೇ ತಗೊಳ್ಳಿ ಮೇಡಂ, ಒಂದೇ ಗುಂಡು ಸಾಕು."

ಮೊದಲ ಪಿಸ್ತೂಲು ಕೊಳ್ಳುವಾಗ ಅಂಗಡಿಯವರು ಹೇಳಿದ ಮಾತು ಇದು. ನಾನು ನಂಬಿದೆ. .40 ಎಸ್ ಅಂಡ್ ಡಬ್ಲ್ಯೂ ಕ್ಯಾಲಿಬರ್‌ನ ಒಂದು ಪುಟ್ಟ ಪಿಸ್ತೂಲು ಮನೆಗೆ ಬಂತು. (ಕ್ಯಾಲಿಬರ್ ಅಂದರೆ ಸುಮಾರಾಗಿ ಗುಂಡಿನ ಅಗಲ. .40, .45 ಅನ್ನುವುದು ಇಂಚಿನ ಲೆಕ್ಕ, 9 ಎಂಎಂ ಮಿಲಿಮೀಟರಿನ ಲೆಕ್ಕ.) ಮೂರು ಸಲ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್‌ಗೆ ಹೋಗಿ ಬಂದೆ. ಆಮೇಲೆ ಅದು ಲಾಕರ್ ಬಿಟ್ಟು ಹೊರಗೇ ಬರಲಿಲ್ಲ. ನನ್ನ ಬಲಗೈ ಮಣಿಕಟ್ಟು ಹಿಂದೊಮ್ಮೆ ಮುರಿದು ಕೂಡಿಕೊಂಡದ್ದು. ಅದರಲ್ಲಿ ಐವತ್ತು ಗುಂಡು ಹೊಡೆದರೆ ಮಾರನೇ ದಿನ ಬಾಟಲಿ ಮುಚ್ಚಳ ತಿರುಗಿಸುವುದಕ್ಕೂ ಎಡಗೈಯೇ ಗತಿ.

ಹೊಡೆಯೋಕೆ ಹೆದರುವ ಪಿಸ್ತೂಲನ್ನು ಆತ್ಮರಕ್ಷಣೆಗೆ ಅಂತ ಇಟ್ಟುಕೊಂಡು ಏನು ಮಾಡುವುದು? ಅದನ್ನು ಬದಲಾಯಿಸೋಣ ಅಂತ ತೀರ್ಮಾನಿಸಿದೆ. ಈ ಸಲ ಯಾರ ಮಾತನ್ನೂ ಕೇಳಲಿಲ್ಲ. ಬಾಡಿಗೆಗೆ ಪಿಸ್ತೂಲು ಕೊಡುವ ರೇಂಜ್‌ನಲ್ಲಿ ನಾಲ್ಕು ಭಾನುವಾರ ಕಳೆದೆ. ಒಂದೇ ದೂರ, 7 ಮೀಟರ್. ಒಂದೇ ತರಹದ ಕಾಗದದ ಗುರಿ. ಪ್ರತಿ ಸಲ ಐದು ಗುಂಡು, ಸೈಟ್ (ಗುರಿ ಹಿಡಿಯೋಕೆ ಪಿಸ್ತೂಲಿನ ಮೇಲಿರುವ ಗುರುತು) ಮತ್ತೆ ಗುರಿಗೆ ಬಂದ ತಕ್ಷಣ ಮುಂದಿನದು. ಜೊತೆಗೆ ನಮ್ಮ ಭಾವ. ಅವರು .45ರ ಭಕ್ತರು. ಪ್ರತಿ ಭಾನುವಾರವೂ ತಮ್ಮ 1911 ಅನ್ನುವ ಮಾದರಿಯ .45 ಪಿಸ್ತೂಲನ್ನು ಮಗುವಿನ ಹಾಗೆ ಎತ್ತಿಕೊಂಡು ಬರುತ್ತಿದ್ದರು.

ತೋಟಾ ಡಬ್ಬಿಯ ಮೇಲಿನ ಅಂಕಿಗಳು ಮೊದಮೊದಲು ತಲೆ ತಿನ್ನುತ್ತವೆ. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ ಬರೆದಿರುತ್ತಾರೆ. ಒಂದು ಗ್ರಾಂ ಅಂದರೆ ಹದಿನೈದೂವರೆ ಗ್ರೇನ್‌ಗೆ ಒಂದು ಚೂರು ಕಡಿಮೆ. 9 ಎಂಎಂನಲ್ಲಿ ಸಾಮಾನ್ಯವಾಗಿ ಸಿಗುವುದು 115, 124, 147 ಗ್ರೇನ್. .45 ಎಸಿಪಿಯಲ್ಲಿ 230 ಗ್ರೇನ್, ಅಂದರೆ ಸುಮಾರು 15 ಗ್ರಾಂ. 124 ಗ್ರೇನ್‌ನ 9 ಎಂಎಂ ಗುಂಡು ಬರೀ 8 ಗ್ರಾಂ. ತೂಕದಲ್ಲಿ ಹತ್ತಿರ ಹತ್ತಿರ ಅರ್ಧ.

ಆದರೆ ಚಿಕ್ಕದು ಜೋರಾಗಿ ಓಡುತ್ತದೆ, ಸೆಕೆಂಡಿಗೆ ಸುಮಾರು 350 ಮೀಟರ್. ದೊಡ್ಡದು ಸುಮಾರು 255 ಮೀಟರ್. ಲೆಕ್ಕ ಹಾಕಿದರೆ ಎರಡರ ಶಕ್ತಿಯೂ 480ರಿಂದ 490 ಜೂಲ್ ಆಸುಪಾಸಿಗೇ ಬಂದು ನಿಲ್ಲುತ್ತದೆ. ಭಾವ ಮೂರು ಸಲ ಕ್ಯಾಲ್ಕ್ಯುಲೇಟರ್ ಒತ್ತಿ ನೋಡಿದರು. ಬೇರೆಯಾಗುವುದು ಒದೆತ. ಕೈಗೆ ಬರುವ ತಳ್ಳು ನಿಂತಿರುವುದು ತೂಕವನ್ನು ವೇಗದಿಂದ ಗುಣಿಸಿದರೆ ಬರುವ ಅಂಕಿಯ ಮೇಲೆ. ಅಲ್ಲಿ .45 ಮೂರನೇ ಒಂದು ಪಾಲಿನಷ್ಟು ಜಾಸ್ತಿ. ಈ ಜಾಸ್ತಿಗೆ ಬೆಲೆ ಕಟ್ಟುವುದು ನನ್ನ ಮಣಿಕಟ್ಟು.

ಹಾಗಂತ .45 ಹೊಡೆದಾಗ ನನಗೆ ಆಶ್ಚರ್ಯವೇ ಆಯಿತು. ನೋವಾಗಲಿಲ್ಲ! 1911 ಒಂದು ಕಿಲೋಗಿಂತ ಜಾಸ್ತಿ ತೂಗುವ ಉಕ್ಕಿನ ಪಿಸ್ತೂಲು, ಒದೆತವನ್ನು ತಾನೇ ನುಂಗಿಕೊಳ್ಳುತ್ತದೆ. ಕೈಗೆ ಬರುವುದು ಯಾರೋ ಅಂಗೈ ಇಟ್ಟು ನಿಧಾನವಾಗಿ ತಳ್ಳಿದ ಹಾಗೆ. ನನ್ನ ಹಳೆಯ .40 ಹಾಗಲ್ಲ. ಹಗುರ ಪಿಸ್ತೂಲು, ಚುರುಕಿನ ಮದ್ದು. ಚಾಟಿ ಬೀಸಿದಂತೆ ಮೂತಿ ಮೇಲಕ್ಕೆ ಹಾರುತ್ತದೆ. ಎರಡನೇ ಗುಂಡಿಗೆ ಸೈಟ್ ಎಲ್ಲಿ ಹೋಯಿತು ಅಂತ ಹುಡುಕಬೇಕು.

9 ಎಂಎಂಗೆ ಬಾಡಿಗೆ ತಗೊಂಡದ್ದು ಗ್ಲಾಕ್ 19. ಐದು ತೂತುಗಳೂ ನನ್ನ ಅಂಗೈ ಅಡಿ ಮುಚ್ಚಿಹೋದವು. .45ರಲ್ಲಿ ಗುಂಪು ಅಷ್ಟೇ ಚೆನ್ನಾಗಿತ್ತು, ಆದರೆ ಹೊತ್ತು ಜಾಸ್ತಿ ಹಿಡಿಯಿತು. .40ರಲ್ಲಿ ಐದನೆಯದು ಕಾಗದದ ಅಂಚಿಗೆ ಹೋಗಿ ಕೂತಿತ್ತು. ಅದನ್ನು ನೋಡಿ ಪಕ್ಕದ ಲೇನ್‌ನ ಹುಡುಗ ಕೆಮ್ಮಿದ. ನಗು ತಡೆದುಕೊಂಡದ್ದು ಅಂತ ನನ್ನ ಗುಮಾನಿ.

.38 ಸ್ಪೆಷಲ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹೆಂಗಸರಿಗೆ ಅಂತ ಎಲ್ಲರೂ ತೋರಿಸುವುದು ಗಿಡ್ಡ ನಳಿಗೆಯ ಪುಟ್ಟ ರಿವಾಲ್ವರ್. ಬ್ಯಾಗಿನಲ್ಲಿ ಇದ್ದದ್ದೇ ಗೊತ್ತಾಗುವುದಿಲ್ಲ, ಅರ್ಧ ಕಿಲೋ ಕೂಡ ಇಲ್ಲ. ನೋಡೋಕೆ ಮುದ್ದು. ಹೊಡೆದರೆ ಗೊತ್ತಾಗುತ್ತದೆ. ಹಗುರವಾದಷ್ಟೂ ಒದೆತ ಜಾಸ್ತಿ, ಹಿಡಿಕೆ ಚಿಕ್ಕದಾದ್ದರಿಂದ ಕಿರುಬೆರಳಿಗೆ ಜಾಗವೇ ಇಲ್ಲ. ಡಬಲ್ ಆಕ್ಷನ್ ಟ್ರಿಗರ್, ಅಂದರೆ ಒಂದೇ ಎಳೆತದಲ್ಲಿ ಸುತ್ತಿಗೆ ಹಿಂದೆ ಹೋಗಿ ಬಡಿಯುವಂಥದ್ದು, ಅದನ್ನು ಎಳೆಯೋಕೆ ಸುಮಾರು ಐದು ಕಿಲೋ ಬಲ ಬೇಕು, ಎಳೆಯುವಷ್ಟರಲ್ಲಿ ಮೂತಿ ಒಂದು ಪಕ್ಕಕ್ಕೆ ವಾಲಿರುತ್ತದೆ. ಇರುವುದೇ ಐದು ಗುಂಡು. ಇದು ನುರಿತವರ ಆಯುಧ. ಹೊಸಬರಿಗೆ ಯಾಕೆ ಇದನ್ನೇ ಮಾರುತ್ತಾರೋ ದೇವರಿಗೇ ಗೊತ್ತು. ಪಿಸ್ತೂಲಿನ ಸ್ಲೈಡ್ (ಮೇಲಿನ ಹಿಂದೆ ಮುಂದೆ ಸರಿಯುವ ಭಾಗ) ಎಳೆಯೋಕೆ ಬೆರಳಲ್ಲಿ ಶಕ್ತಿ ಇಲ್ಲದವರಿಗೆ ರಿವಾಲ್ವರ್ ಅನುಕೂಲ, ಅದು ನಿಜ. ಅವರೂ ಸ್ವಲ್ಪ ತೂಕದ್ದನ್ನೇ ತಗೊಳ್ಳಲಿ.

.380 ಎಸಿಪಿ ಕೂಡ ಹೀಗೇ ಮೋಸ ಮಾಡುತ್ತದೆ. ತೋಟಾ ಚಿಕ್ಕದು, 95 ಗ್ರೇನ್ ಗುಂಡು, ಶಕ್ತಿ 9 ಎಂಎಂನ ಅರ್ಧದಷ್ಟು. ಹಾಗಾದರೆ ಮೆತ್ತಗಿರಬೇಕು ಅಲ್ವಾ? ನಾನು ಹೊಡೆದದ್ದು ಹಳೇ ಮಾದರಿಯ ಬ್ಲೋಬ್ಯಾಕ್ ಪಿಸ್ತೂಲು. ಅದರಲ್ಲಿ ಸ್ಲೈಡನ್ನು ತಡೆಯುವ ಬೀಗ ಇಲ್ಲ, ಸ್ಪ್ರಿಂಗ್ ಮತ್ತು ಸ್ಲೈಡಿನ ತೂಕ ಅಷ್ಟೇ. ಹಾಗಾಗಿ ಸ್ಪ್ರಿಂಗ್ ಗಟ್ಟಿ, ಒದೆತ ಚುರ್ರೆನ್ನುತ್ತದೆ.

ಈಗ ಗುಂಡು ಏನು ಮಾಡುತ್ತದೆ ಅನ್ನುವ ಕಡೆಗೆ ಬರೋಣ. ಈ ಜಗಳ ನೂರು ವರ್ಷಕ್ಕಿಂತ ಹಳೆಯದು. ಫಿಲಿಪೀನ್ಸ್‌ನಲ್ಲಿ .38 ರಿವಾಲ್ವರ್ ಕೈಕೊಟ್ಟಿತು ಅಂತ ಅಮೆರಿಕದ ಸೇನೆ 1904ರಲ್ಲಿ ಷಿಕಾಗೋದ ಕಸಾಯಿಖಾನೆಯ ದನಗಳ ಮೇಲೆ, ಮನುಷ್ಯರ ಶವಗಳ ಮೇಲೆ ಗುಂಡು ಹೊಡೆದು ಪರೀಕ್ಷೆ ಮಾಡಿತು. ಓದಿದರೆ ಹೊಟ್ಟೆ ತೊಳಸುತ್ತದೆ. .45ಗಿಂತ ಕಡಿಮೆ ಬೇಡ ಅಂತ ಶಿಫಾರಸು ಬಂತು, 1911ರಲ್ಲಿ ಬ್ರೌನಿಂಗ್‌ನ ಪಿಸ್ತೂಲು ಬಂತು, ಭಾವನಂಥವರು ಹುಟ್ಟಿಕೊಂಡರು.

1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಮತ್ತು ಇಬ್ಬರು ದರೋಡೆಕೋರರ ನಡುವೆ ಗುಂಡಿನ ಕಾಳಗ ನಡೆಯಿತು. ಇಬ್ಬರು ಏಜೆಂಟರು ಸತ್ತರು, ಐವರಿಗೆ ಗುಂಡೇಟು. ದರೋಡೆಕೋರರಲ್ಲಿ ಒಬ್ಬನಿಗೆ ಬಿದ್ದ ಒಂದು 9 ಎಂಎಂ ಗುಂಡು ಹೃದಯದವರೆಗೆ ಹೋಗದೆ ಮೊದಲೇ ನಿಂತುಬಿಟ್ಟಿತ್ತು. ಅವನು ಆಮೇಲೂ ಹೊಡೆಯುತ್ತಲೇ ಇದ್ದ. ತಪ್ಪು ಆ ಗುಂಡಿನ ವಿನ್ಯಾಸದ್ದೋ ಕ್ಯಾಲಿಬರ್‌ನದ್ದೋ ಅಂತ ದೊಡ್ಡ ಚರ್ಚೆ. ಅದರಿಂದ ಎಫ್‌ಬಿಐ 10 ಎಂಎಂಗೆ ಹೋಯಿತು. ಅದರ ಒದೆತ ಜಾಸ್ತಿ ಅಂತ ಮದ್ದು ಕಡಿಮೆ ಮಾಡಿಸಿತು. ಮದ್ದು ಕಡಿಮೆ ಆದಮೇಲೆ ಉದ್ದ ತೋಟಾ ಯಾಕೆ ಅಂತ ಕತ್ತರಿಸಿದ್ದೇ 1990ರ .40. ಅಂಗಡಿಯವರು ನನಗೆ ಕಟ್ಟಿದ್ದು ಇದೇ ಮೊಮ್ಮಗನನ್ನು. ಕಾಲು ಶತಮಾನ ಕಳೆದ ಮೇಲೆ ಎಫ್‌ಬಿಐ ತಾನೇ ಅದನ್ನು ಬಿಟ್ಟು 9 ಎಂಎಂಗೆ ವಾಪಸ್ ಬಂತು. ಗುಂಡುಗಳು ಸುಧಾರಿಸಿವೆ, 9 ಎಂಎಂನಲ್ಲಿ ಹೆಚ್ಚಿನವರು ಬೇಗ ಮತ್ತು ನಿಖರವಾಗಿ ಹೊಡೆಯುತ್ತಾರೆ ಅನ್ನುವುದು ಅವರು ಕೊಟ್ಟ ಕಾರಣ.

ಆ ಘಟನೆಯಿಂದ ಉಳಿದ ಒಳ್ಳೆಯ ವಿಷಯ ಅಂದರೆ ಜೆಲ್ಲಿ ಪರೀಕ್ಷೆ. ಮೈಮಾಂಸದ ಬದಲಿಗೆ ಇಟ್ಟ ಶೇಕಡಾ 10ರ ಜೆಲಟಿನ್ ಗಟ್ಟಿಗೆ ಬಟ್ಟೆ, ಹಲಗೆ, ತಗಡು, ಕಾರಿನ ಗಾಜು ಹೀಗೆ ಏನಾದರೂ ಅಡ್ಡ ಇಟ್ಟು ಹೊಡೆಯುತ್ತಾರೆ. ಗುಂಡು 12ರಿಂದ 18 ಇಂಚು, ಅಂದರೆ 30ರಿಂದ 45 ಸೆಂಟಿಮೀಟರ್ ಒಳಗೆ ಹೋಗಬೇಕು. ಕಡಿಮೆಯೂ ಬೇಡ, ಜಾಸ್ತಿಯೂ ಬೇಡ. ಈ ಪರೀಕ್ಷೆಯಲ್ಲಿ ಒಳ್ಳೆಯ 9 ಎಂಎಂ ಹಾಲೋ ಪಾಯಿಂಟ್, .40, .45 ಮೂರೂ ಹೆಚ್ಚುಕಡಿಮೆ ಒಂದೇ ಆಳದಲ್ಲಿ ನಿಲ್ಲುತ್ತವೆ. ತೆರೆದುಕೊಳ್ಳುವ ಮೊದಲು 9 ಎಂಎಂಗೂ .45ಗೂ ಅಗಲದಲ್ಲಿ ವ್ಯತ್ಯಾಸ ಎರಡೂವರೆ ಮಿಲಿಮೀಟರ್. ಒಂದು ಬೆಂಕಿಕಡ್ಡಿಯ ದಪ್ಪ. ಇಷ್ಟಕ್ಕೆ ನೂರು ವರ್ಷ ಜಗಳ!

ಹಾಲೋ ಪಾಯಿಂಟ್ ಅಂದರೆ ಮೂತಿಯಲ್ಲಿ ಗುಳಿ ಇರುವ ಗುಂಡು. ಒದ್ದೆ ವಸ್ತು ಗುಳಿಯೊಳಗೆ ನುಗ್ಗಿ ಒತ್ತಿದಾಗ ಅಂಚು ಹೂವಿನ ಎಸಳಿನಂತೆ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಗುಂಡು ಅಗಲವಾಗುತ್ತದೆ, ಬೇಗ ನಿಲ್ಲುತ್ತದೆ. ಹೀಗೆ ಬಿಚ್ಚಿಕೊಳ್ಳುವ ಗುಂಡಿಗೆ ಬಂದ ಹಳೇ ಹೆಸರು ಡಮ್‌ಡಮ್, ಕೋಲ್ಕತ್ತಾ ಪಕ್ಕದ ಕಾರ್ಖಾನೆಯಿಂದ ಬಂದದ್ದು. 1899ರ ಹೇಗ್ ಘೋಷಣೆ ಇವನ್ನು ಯುದ್ಧದಲ್ಲಿ ಬೇಡ ಅಂದಿತು. ನಾಗರಿಕರ ವಿಷಯಕ್ಕೆ ಒಂದೊಂದು ಕಡೆ ಒಂದೊಂದು ಕಾನೂನು, ಕೆಲವು ದೇಶಗಳಲ್ಲಿ ಇಟ್ಟುಕೊಳ್ಳುವಂತೆಯೇ ಇಲ್ಲ. ಕೊಳ್ಳುವ ಮೊದಲು ಕೇಳಿಕೊಳ್ಳಿ.

ಜೆಲ್ಲಿ ಮಾಡುವ ತಾಳ್ಮೆ ನನಗಿಲ್ಲ. ರೇಂಜ್‌ನವರ ಒಪ್ಪಿಗೆ ತಗೊಂಡು ಬಯಲಿನ ಕಡೆ ನೀರು ತುಂಬಿದ ಕ್ಯಾನ್‌ಗಳನ್ನು ಸಾಲಾಗಿ ಇಟ್ಟೆವು. ಮುಂದೆ ಭಾವನ ಹಳೇ ಜೀನ್ಸ್, ನಾಲ್ಕು ಪದರ. ನೀರಿನಲ್ಲಿ ಗುಂಡು ಜೆಲ್ಲಿಗಿಂತ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಇದು ವಿಜ್ಞಾನ ಅಲ್ಲ, ಕುತೂಹಲ.

147 ಗ್ರೇನ್‌ನ 9 ಎಂಎಂ ಮೂರನೇ ಕ್ಯಾನಿನ ತಳದಲ್ಲಿ ಸಿಕ್ಕಿತು. ನೀರು ಚೆಲ್ಲಿ ಅಂಗೈಗೆ ಹಾಕಿಕೊಂಡೆ. ಆರು ಎಸಳು, ಒಳಗಡೆ ಸೀಸದ ಬೂದು ಬಣ್ಣ, ಹೊರಗೆ ತಾಮ್ರ. ಒಂದು ಎಸಳಿನ ಸಂದಿಯಲ್ಲಿ ನೀಲಿ ದಾರದ ಎಳೆ ಸಿಕ್ಕಿಕೊಂಡಿತ್ತು. ಬೆರಳಲ್ಲಿ ಎಳೆದರೆ ಬರಲಿಲ್ಲ. ಎಸಳಿನ ಅಂಚು ಬ್ಲೇಡಿನ ಹಾಗೆ, ಬರಿಗೈಯಲ್ಲಿ ಮುಟ್ಟಬೇಡಿ, ನಾನು ಕುಯ್ಯಿಸಿಕೊಂಡೆ.

ಆಮೇಲೆ ಗಿಡ್ಡ ರಿವಾಲ್ವರ್‌ನಿಂದ .38 ಹಾಲೋ ಪಾಯಿಂಟ್. ಅದು ಸಾಲು ಪೂರ್ತಿ ದಾಟಿ ಹಿಂದಿನ ಮಣ್ಣಿಗೆ ಹೋಗಿತ್ತು. ಅಗೆದು ತೆಗೆದೆವು. ಗುಳಿಯೊಳಗೆ ಜೀನ್ಸ್ ಬಟ್ಟೆಯ ಒಂದು ಗುಂಡನೆ ಬಿರಡೆ, ಯಾರೋ ಬೇಕಂತಲೇ ತುರುಕಿದ ಹಾಗೆ ಗಟ್ಟಿಯಾಗಿ ಕೂತಿದೆ. ಗುಂಡು ಬಿಚ್ಚಿಕೊಂಡೇ ಇಲ್ಲ. ಎರಡು ಇಂಚಿನ ನಳಿಗೆಯಲ್ಲಿ ವೇಗ ಸಾಲದು, ಬಟ್ಟೆ ಗುಳಿ ಮುಚ್ಚಿದರೆ ಮುಗಿಯಿತು, ಅದು ಸಾದಾ ಗುಂಡಿನಂತೆ ದಾಟಿಹೋಗುತ್ತದೆ. ಗಿಡ್ಡ ನಳಿಗೆಗೆ ಅಂತಲೇ ಮಾಡಿದ ತೋಟಾಗಳಿವೆ. ಕೆಲವದರಲ್ಲಿ ಗುಳಿಗೆ ಕೆಂಪು ರಬ್ಬರಿನಂಥ ತುದಿ ತುಂಬಿರುತ್ತಾರೆ, ಬಟ್ಟೆ ಸೇರದಿರಲಿ ಅಂತ. ರಿವಾಲ್ವರೇ ಬೇಕು ಅನ್ನುವವರು ಅಂಥದ್ದನ್ನು ಹುಡುಕಿ.

ಸಾದಾ ಗುಂಡು, ಅಂದರೆ ಫುಲ್ ಮೆಟಲ್ ಜಾಕೆಟ್, ಅಭ್ಯಾಸಕ್ಕೆ ಸರಿ. ಮನೆಯೊಳಗೆ ಅದು ಬೇಡ. ಜೆಲ್ಲಿಯಲ್ಲಿ 60 ಸೆಂಟಿಮೀಟರ್ ಕೂಡ ದಾಟುತ್ತದೆ, ಅಂದರೆ ಎದುರಿನವನನ್ನೂ ದಾಟಿ ಹಿಂದೆ ಇರುವವರಿಗೆ ತಗಲಬಹುದು. ಹಾಗಂತ ಹಾಲೋ ಪಾಯಿಂಟ್ ಇದ್ದರೆ ನಿಶ್ಚಿಂತೆ ಅಂದುಕೊಳ್ಳಬೇಡಿ. ಗುರಿ ತಪ್ಪಿದರೆ ಜಿಪ್ಸಮ್ ಬೋರ್ಡಿನ ಗೋಡೆಯನ್ನು ಯಾವ ಕ್ಯಾಲಿಬರ್ ಆದರೂ ದಾಟುತ್ತದೆ. ಪಕ್ಕದ ಕೋಣೆಯಲ್ಲಿ ಯಾರು ಮಲಗಿದ್ದಾರೆ ಅನ್ನುವುದು ಕ್ಯಾಲಿಬರ್‌ಗಿಂತ ದೊಡ್ಡ ಪ್ರಶ್ನೆ.

"ಒಂದೇ ಗುಂಡು ಸಾಕು" ಅನ್ನುವ ಮಾತಿಗೆ ವಾಪಸ್ ಬರುತ್ತೇನೆ. ಸಿನಿಮಾದಲ್ಲಿ ಗುಂಡು ಬಿದ್ದವನು ಹಿಂದಕ್ಕೆ ಹಾರುತ್ತಾನೆ. ಹಾಗೆ ಹಾರಿಸುವ ಬಲ ಗುಂಡಿಗಿದ್ದರೆ ಹೊಡೆದವಳೂ ಹಿಂದಕ್ಕೆ ಹಾರಬೇಕಿತ್ತಲ್ಲ? ರೈಫಲ್ ಗುಂಡಿನ ವೇಗ ಪಿಸ್ತೂಲಿಗಿಲ್ಲ, ಅದು ತಾನು ಹೋದ ದಾರಿಯನ್ನಷ್ಟೇ ಕೊರೆಯುತ್ತದೆ. ಹೃದಯವೇ ನಿಂತರೂ ಮನುಷ್ಯ 10ರಿಂದ 15 ಸೆಕೆಂಡು ಓಡಾಡಬಲ್ಲ ಅಂತ ಎಫ್‌ಬಿಐನ 1989ರ ವರದಿ ಬರೆದಿದೆ. ಒಂದರ ಮೇಲೆ ನಂಬಿಕೆ ಇಟ್ಟು ಕೂರುವ ಹಾಗಿಲ್ಲ. ಎರಡನೆಯದನ್ನು ನೆಟ್ಟಗೆ ಹೊಡೆಯೋಕೆ ಆಗುತ್ತದೋ ಇಲ್ಲವೋ, ನಾನು ನೋಡಿದ್ದು ಅದನ್ನೇ.

.22 ಬಗ್ಗೆ ಎರಡು ಮಾತು. ಒದೆತವೇ ಇಲ್ಲ, ಕಲಿಯೋಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದರ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಡಿ) ತಳದ ಅಂಚಿನ ಸುತ್ತ ಇರುತ್ತದೆ, ಅಲ್ಲಲ್ಲಿ ಸರಿಯಾಗಿ ಹರಡಿರುವುದಿಲ್ಲ. ನನಗೆ ಒಂದು ಡಬ್ಬಿಯಲ್ಲಿ ಎರಡು ಠುಸ್ ಆದವು. ಬೇರೆ ಕ್ಯಾಲಿಬರ್‌ಗಳಲ್ಲಿ ನಾಲ್ಕೂ ವಾರ ಒಂದೂ ಆಗಲಿಲ್ಲ.

ಕೊನೆಗೆ ತಗೊಂಡದ್ದು 9 ಎಂಎಂ, ಮಧ್ಯಮ ಗಾತ್ರದ್ದು, ಮ್ಯಾಗಜೀನ್‌ನಲ್ಲಿ 15. ಲಾಕರ್‌ನಲ್ಲಿ ಇಡುವುದು 147 ಗ್ರೇನ್ ಹಾಲೋ ಪಾಯಿಂಟ್. ಅದನ್ನು ನಂಬುವ ಮೊದಲು ಇದೇ ಪಿಸ್ತೂಲಿನಲ್ಲಿ ಇನ್ನೂರು ಹೊಡೆದೆ. ಕೆಲವು ಪಿಸ್ತೂಲುಗಳು ಕೆಲವು ಆಕಾರದ ಗುಂಡಿನ ಮೂತಿಗಳನ್ನು ನುಂಗುವುದಿಲ್ಲ. ಇದು ನುಂಗಿತು. ಒಂದೇ ತೋಟಾವನ್ನು ಪದೇಪದೇ ಚೇಂಬರ್‌ಗೆ ಹಾಕಿ ತೆಗೆದರೆ ಗುಂಡು ಒಳಕ್ಕೆ ಸರಿದು ಒತ್ತಡ ಏರುತ್ತದೆ. ಅದಕ್ಕೇ ಹೊಸದೊಂದನ್ನು ಪಕ್ಕದಲ್ಲಿಟ್ಟು ಎತ್ತರ ಹೋಲಿಸಿ ನೋಡುತ್ತಿರುತ್ತೇನೆ.

ಕೊನೇ ಭಾನುವಾರ ಹೊರಡುವಾಗ ಭಾವ ಗ್ಲಾಕ್ ಕಡೆ ಕೈ ಚಾಚಿದರು. "ಕೊಡಿಲ್ಲಿ ಒಂದು ಮ್ಯಾಗಜೀನ್, ಸುಮ್ನೆ. ಬಾಡಿಗೆ ಕೊಟ್ಟಾಗಿದೆಯಲ್ಲ."

ಸುಮ್ನೆ ಅಂತ ಮೂರು ಮ್ಯಾಗಜೀನ್ ಖಾಲಿ ಮಾಡಿದರು. ಗುರಿ ಕಾಗದ ಹತ್ತಿರ ತರಿಸಿ ನೋಡಿದರು, ಮಡಚಿ ಜೇಬಿಗೆ ಹಾಕಿಕೊಂಡರು. "ತೋರಿಸಿ ಭಾವ" ಅಂದರೆ ತೋರಿಸಲೇ ಇಲ್ಲ.