ಒಂದೇ ಪಿಯಾನೋ, ಒಂದೇ ದನಿ: ಅಡೆಲ್ ಅವರ ‘ಸಮ್‌ವನ್ ಲೈಕ್ ಯೂ’

ಬ್ರಿಟನ್‌ನ ಗಾಯಕಿ ಅಡೆಲ್ ಅವರ ಈ ಹಾಡು ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ಬಂದಿದ್ದು 2011ರ ಜನವರಿಯಲ್ಲಿ. ಈಗ ಯಾಕೆ ಅದರ ವಿಮರ್ಶೆ ಅಂತ ಕೇಳಬಹುದು. ನಮ್ಮ ಕೊಡಗಿನ ಮದುವೆ ರಿಸೆಪ್ಶನ್‌ಗಳಲ್ಲಿ ಇವತ್ತಿಗೂ ಇದನ್ನೇ ಹಾಡಿ ಅಂತ ಸ್ಟೇಜಿಗೆ ಚೀಟಿ ಬರುತ್ತದೆ, ಅದಕ್ಕೆ. ನಾನು ವಿರಾಜಪೇಟೆಯಲ್ಲಿ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತೇನೆ. ಮದುವೆ ಸೀಸನ್‌ನಲ್ಲಿ ಬ್ಯಾಂಡ್ ಜೊತೆ ನುಡಿಸುತ್ತೇನೆ. ನುಡಿಸಿ ನುಡಿಸಿ ಬೇಸರವಾಗದ ಇಂಗ್ಲಿಷ್ ಹಾಡು ನನಗೆ ಇದೊಂದೇ. ಆದರೆ ಜನ ಇದನ್ನು ಬರೀ ಅಳುವ ಹಾಡು ಮಾಡಿಟ್ಟಿದ್ದಾರೆ. ನನಗೆ ಹಾಗೆ ಕೇಳಿಸುವುದಿಲ್ಲ.

ಕಥೆ ಇಷ್ಟೇ. ಪ್ರೀತಿಸಿದ್ದವನಿಗೆ ಬೇರೆಯವಳ ಜೊತೆ ಮದುವೆಯಾಗಿದೆ. ಸುದ್ದಿ ಕೇಳಿದವಳು ಕರೆಯದೆ ಅವನ ಎದುರಿಗೆ ಹೋಗಿ ನಿಲ್ಲುತ್ತಾಳೆ. ಬೈಯುವುದಿಲ್ಲ, ಶಾಪ ಹಾಕುವುದಿಲ್ಲ. ನಿಮಗಿಬ್ಬರಿಗೂ ಒಳ್ಳೆಯದಾಗಲಿ, ನನ್ನನ್ನು ಮರೆಯಬೇಡ ಅನ್ನುತ್ತಾಳೆ. ಅದನ್ನು ಹೇಳುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು, ಅಲ್ವಾ? ಹಾಡು ನಿಂತಿರುವುದು ಆ ಗಟ್ಟಿತನದ ಮೇಲೆ.

ಅಡೆಲ್ ಇದನ್ನು ಅಮೆರಿಕದ ಹಾಡುಗಾರ, ಗೀತರಚನೆಕಾರ ಡ್ಯಾನ್ ವಿಲ್ಸನ್ ಜೊತೆ ಕೂತು ಬರೆದರು. ಪಿಯಾನೋ ನುಡಿಸಿದ್ದೂ ವಿಲ್ಸನ್ ಅವರೇ. ಲಾಸ್ ಏಂಜಲೀಸ್‌ನ ಒಂದು ಸ್ಟುಡಿಯೋದಲ್ಲಿ ಎರಡು ದಿನದ ಕೆಲಸ. ಆಗ ಮಾದರಿಗೆಂದು ಮಾಡಿಕೊಂಡ ರೆಕಾರ್ಡಿಂಗನ್ನೇ (ಡೆಮೊ) ‘21’ ಆಲ್ಬಮ್‌ಗೆ ಹಾಕಿದರು. ಡ್ರಮ್ ಇಲ್ಲ, ಗಿಟಾರ್ ಇಲ್ಲ, ವಯಲಿನ್‌ಗಳ ಸಾಲು ಇಲ್ಲ. ಹಾಗೇ ಬಿಟ್ಟಿದ್ದು ಎಷ್ಟು ಒಳ್ಳೆಯದಾಯಿತು! ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಮೊಬೈಲ್‌ನ ಸಣ್ಣ ಸ್ಪೀಕರೇ ಗತಿ. ಬೇರೆ ಹಾಡುಗಳು ಅದರಲ್ಲಿ ಕಲಸಿಹೋಗುತ್ತವೆ. ಇದು ಮಾತ್ರ ಹೆಂಚಿನ ಮೇಲೆ ಮಳೆ ಬೀಳುತ್ತಿದ್ದರೂ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳಿಸುತ್ತದೆ.

ನುಡಿಸುವವರಿಗೆ ಒಂದು ಮಾತು. ಕಾರ್ಡ್‌ಗಳು, ಅಂದರೆ ಸ್ವರಗಳ ಗುಂಪುಗಳು, ಸುಲಭ. ಎ ಮೇಜರ್, ಇ, ಎಫ್ ಶಾರ್ಪ್ ಮೈನರ್, ಡಿ. ಕೋರಸ್‌ಗೂ, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿಗೂ, ಇವೇ ನಾಲ್ಕು. ಕಷ್ಟ ಇರುವುದು ಬೆರಳುಗಳನ್ನು ಒಂದೇ ಸಮ ಓಡಿಸುವುದರಲ್ಲಿ. ಕಾರ್ಡನ್ನು ಒಟ್ಟಿಗೆ ಒತ್ತುವ ಹಾಗಿಲ್ಲ, ಬಿಡಿಸಿ ಬಿಡಿಸಿ ನುಡಿಸಬೇಕು. ಕೋರಸ್ ಬಂದ ತಕ್ಷಣ ನನ್ನ ಹತ್ತಿರ ಕಲಿಯುವ ಮಕ್ಕಳು ಸ್ಪೀಡ್ ಜಾಸ್ತಿ ಮಾಡುತ್ತಾರೆ. ಅಲ್ಲೇ ಹಾಡು ಕೆಡುತ್ತದೆ. ಅಲ್ಲಿ ದನಿ ಮಾತ್ರ ಮೇಲಕ್ಕೆ ಹಾರಬೇಕು, ಪಿಯಾನೋ ಕದಲಬಾರದು. ಅಡೆಲ್ ಕೆಲವು ಕಡೆ ನೇರವಾಗಿ ಸ್ವರಕ್ಕೆ ಬರುವುದಿಲ್ಲ. ಪಕ್ಕದ ಸ್ವರದ ಮೇಲೆ ಒಂದು ಕ್ಷಣ ಒರಗಿ, ಆಮೇಲೆ ಜಾಗಕ್ಕೆ ಇಳಿಯುತ್ತಾರೆ. ಕಣ್ಣೀರು ಬರುವುದು ಇದರಿಂದಲೇ ಅಂತ 2012ರಲ್ಲಿ ಅಮೆರಿಕದ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ಬರೆಯಿತು. ಸಂಗೀತ ಬಲ್ಲ ಕೆಲವರು ಅದನ್ನು ಒಪ್ಪಲಿಲ್ಲ. ನನಗೂ ಅದೊಂದೇ ಕಾರಣ ಅನ್ನಿಸುವುದಿಲ್ಲ. ಅದೇ ಸ್ವರಗಳನ್ನು ಹಾಗೇ ಒರಗಿಸಿ ಹಾಡಿದ ಎಷ್ಟೋ ಜನರ ಜೊತೆ ನುಡಿಸಿದ್ದೇನೆ. ಮಾತಿನ ಅರ್ಥ ಮನಸ್ಸಿಗೆ ಇಳಿಯದೆ ಹಾಡಿದರೆ ಎದುರಿಗಿದ್ದವರು ಊಟದ ತಟ್ಟೆಯಿಂದ ತಲೆ ಎತ್ತುವುದಿಲ್ಲ.

ಬ್ರಿಟನ್‌ನಲ್ಲಿ ಶುರುವಿಗೆ ಇದು ಅಂಥ ದೊಡ್ಡ ಹಿಟ್ ಏನೂ ಆಗಿರಲಿಲ್ಲ. 2011ರ ಫೆಬ್ರವರಿ 15ರಂದು ಬ್ರಿಟ್ ಅವಾರ್ಡ್ಸ್ ಅನ್ನುವ ಸಂಗೀತ ಪ್ರಶಸ್ತಿ ಸಮಾರಂಭದಲ್ಲಿ ಬರೀ ಪಿಯಾನೋ ಜೊತೆ ನಿಂತು ಅಡೆಲ್ ಹಾಡಿದರು. ಕೊನೆಗೆ ಅವರ ಕಣ್ಣೇ ತುಂಬಿ ಬಂತು. ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 47ನೇ ಜಾಗದಲ್ಲಿದ್ದ ಹಾಡು ಒಂದನೇ ಜಾಗಕ್ಕೆ ಹಾರಿತು. ಆಗಸ್ಟ್‌ನಲ್ಲಿ ಅಮೆರಿಕದ ಎಂಟಿವಿ ಸಮಾರಂಭದಲ್ಲಿ ಹಾಡಿದ ಮೇಲೆ ಅಲ್ಲೂ ಹೀಗೇ ಆಯಿತು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 19ರಿಂದ 1ಕ್ಕೆ ಬಂತು. ಬರೀ ಪಿಯಾನೋ ಮತ್ತು ದನಿ ಇರುವ ಹಾಡು ಆ ಪಟ್ಟಿಯ ತುದಿಗೆ ಹೋಗಿದ್ದು ಅದೇ ಮೊದಲು. 2012ರಲ್ಲಿ ಗ್ರ್ಯಾಮಿಯೂ ಸಿಕ್ಕಿತು. ಜೋರು ಬೀಟ್ ಇಲ್ಲದೆ ಹಾಡು ಓಡುವುದಿಲ್ಲ ಅನ್ನುವವರಿಗೆ ನಾನು ಈ ಎರಡು ರಾತ್ರಿಗಳನ್ನೇ ತೋರಿಸುವುದು.

ಅದರ ಹಿಂದೆಯೇ ತಮಾಷೆಯೂ ಶುರುವಾಯಿತು. 2011ರ ಕೊನೆಗೆ ಅಮೆರಿಕದ ‘ಸ್ಯಾಟರ್ಡೇ ನೈಟ್ ಲೈವ್’ ಅನ್ನುವ ಟಿವಿ ಹಾಸ್ಯ ಕಾರ್ಯಕ್ರಮದಲ್ಲಿ, ಆಫೀಸಿನವರೆಲ್ಲ ಈ ಹಾಡು ಹಾಕಿಕೊಂಡು ಒಬ್ಬರ ಹಿಂದೆ ಒಬ್ಬರು ಅಳುವ ಒಂದು ಪ್ರಹಸನ ಬಂತು. ಅಲ್ಲಿಂದ ಇದಕ್ಕೆ ಅಳುವ ಹಾಡು ಅನ್ನುವ ಹಣೆಪಟ್ಟಿ ಗಟ್ಟಿಯಾಗಿ ಅಂಟಿತು. ಇದು ಹಾಡಿಗೆ ಮಾಡಿದ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ನಮ್ಮ ಕಡೆ ಇನ್ನೊಂದು ಥರ. ಗೋಣಿಕೊಪ್ಪದ ಒಂದು ರಿಸೆಪ್ಶನ್‌ನಲ್ಲಿ ವಾಲಗದ ಕುಣಿತ ಆಗಷ್ಟೇ ಮುಗಿದಿತ್ತು. ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದರು. ಆಗ ಈ ಹಾಡಿಗೆ ಚೀಟಿ ಬಂತು. ಇಂಗ್ಲಿಷ್ ಬಲ್ಲ ಹಿರಿಯರೊಬ್ಬರು ಸ್ಟೇಜಿನ ಹತ್ತಿರ ಬಂದು, ಮದುವೆ ಮನೆಯಲ್ಲಿ ಇದೆಂಥ ಹಾಡು ಅಂತ ಕೇಳಿದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಆದರೂ ನಮ್ಮ ಬ್ಯಾಂಡಿನ ಹುಡುಗಿ ಹಾಡಿದಳು. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಪೂರ್ತಿ ಹಾಡಿಗೆ ತುಟಿ ಆಡಿಸುತ್ತಿದ್ದರು. ಅಳುತ್ತಿರಲಿಲ್ಲ. ಮುಖ ನೆಟ್ಟಗಿತ್ತು, ಒಂದು ಸಾಲೂ ತಪ್ಪಲಿಲ್ಲ.

ಕೊರತೆ ಇಲ್ಲ ಅನ್ನುವುದಿಲ್ಲ. ಎರಡು ಕೋರಸ್ ಆದ ಮೇಲೆ ಬರುವ ಭಾಗದ ಸಾಲುಗಳು ತೀರಾ ಸಾಧಾರಣ. ಅಲ್ಲಿ ಹಾಡನ್ನು ಎತ್ತಿ ಹಿಡಿಯುವುದು ದನಿ ಮಾತ್ರ. ಕೋರಸ್ ಕೂಡ ಒಂದು ಸಲ ಕಡಿಮೆ ಇದ್ದಿದ್ದರೆ ಚೆನ್ನಾಗಿತ್ತು.

ಹೊಸದಾಗಿ ಕೇಳುವವರು ಆಲ್ಬಮ್‌ನಲ್ಲಿರುವುದನ್ನು ಮೊದಲು ಕೇಳಿ. ಆಮೇಲೆ ಬ್ರಿಟ್ ಅವಾರ್ಡ್ಸ್‌ನದು. 2011ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಹಾಡಿದ್ದು ಕೊನೆಗಿರಲಿ. ಅಲ್ಲಿ ಕೋರಸ್ಸನ್ನು ಜನರೇ ಹಾಡುತ್ತಾರೆ. ಹಾಡು ಮೊದಲೇ ಗೊತ್ತಿದ್ದರೆ ನಿಮ್ಮ ಬಾಯಲ್ಲೂ ಬರುತ್ತದೆ.